ಕಾರ್ಡಿನಲ್ಲರ ಕೈ

ಐನೂರು ವರ್ಷಗಳ ಹಿಂದೆ ಸತ್ತ ಕಾರ್ಡಿನಲ್ಲರ, ಅಂದರೆ ರೋಮಿನ ಚರ್ಚಿನ ಹಿರಿಯ ಗುರುಗಳ, ಮುಖ ಬರೆಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಕಷ್ಟವೆಲ್ಲ ಕೈಗಳದ್ದು. ಹಳೆಯ ತೈಲಚಿತ್ರಗಳ ಫೋಟೋ ಮುಂದಿಟ್ಟುಕೊಂಡು ಕ್ಯಾನ್ವಾಸಿನ ಮೇಲೆ ಹಾಗೆಯೇ ನಕಲು ಬರೆದುಕೊಡುವುದು ಅವಳ ಕಸುಬು. ಆ ಫೋಟೋಗಳಲ್ಲಿ ಮೂಗು, ಗಡ್ಡ, ಕೆಂಪು ಟೋಪಿ ಎಲ್ಲವೂ ಸ್ಪಷ್ಟ. ಮಡಿಲ ಹತ್ತಿರ ಬಂದರೆ ಮಾತ್ರ ಬರೀ ಕತ್ತಲು. ಆ ಮಹಾನುಭಾವರಿಗೆ ಬೆರಳು ಎಷ್ಟಿದ್ದವೋ, ಅವರು ನಂಬಿದ ದೇವರಿಗೇ ಗೊತ್ತು. ಅದಕ್ಕೇ ಹಿಂದಿನ ಕೋಣೆಯಲ್ಲಿ ಚೌಕಟ್ಟು ಮಾಡುವ ಗಂಡನನ್ನು ಕರೆದು, ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೊಂದು ಕೆಂಪು ಬೆಡ್‌ಶೀಟು ಹೊದಿಸಿ, ಅವನ ಕೈ ನೋಡಿ ಬರೆಯುತ್ತಿದ್ದಳು.

“ಬೇಗ ಮುಗಿಸೇ, ಅಲ್ಲಿ ಅಂಟು ಒಣಗಿಹೋಗುತ್ತೆ,” ಎಂದು ಅವನು ಗೊಣಗುವುದು, “ಕಾರ್ಡಿನಲ್ಲರು ಹೀಗೆಲ್ಲ ಒದರೋದಿಲ್ಲ, ಸುಮ್ನೆ ಕೂತ್ಕೊಳ್ರೀ,” ಎಂದು ಇವಳು ಗದರುವುದು. ನಡುವೆ ಅವನಿಗೆ ಕೆಮ್ಮು ಬಂದರೆ ಬೆರಳು ಅಲುಗುತ್ತಿತ್ತು, ಇವಳಿಗೆ ರೇಗುತ್ತಿತ್ತು. ದಿನವಿಡೀ ಮರ ಕೊಯ್ಯುವವನಿಗೆ ಕೆಮ್ಮು ಬಾರದೆ ಇನ್ನೇನು ಬರುತ್ತದೆ ಎಂದು ಇಬ್ಬರೂ ತಮ್ಮಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದರು. ಮನೆಯಲ್ಲೇ ವೈದ್ಯರಾದ ಮೇಲೆ ಆಸ್ಪತ್ರೆ ಯಾಕೆ, ಅಲ್ಲವೇ!

ಆ ಬೆಳಿಗ್ಗೆ ಬಂದ ಗಿರಾಕಿ ಎದೆರೋಗದ ಡಾಕ್ಟರು. ತಮ್ಮ ಕುರ್ಚಿಯ ಹಿಂದಿನ ಗೋಡೆಗೆಂದು ಒಬ್ಬ ಕಾರ್ಡಿನಲ್ಲರನ್ನು ಬರೆಸಿದ್ದರು. “ಸಿಗರೇಟು ಬಿಡಿ ಅಂದ್ರೆ ನನ್ನ ಮಾತು ಯಾರೂ ಕೇಳಲ್ಲಮ್ಮ. ಹಿಂದೆ ಇಂಥವರೊಬ್ಬರು ಕಣ್ಣು ಬಿಟ್ಕೊಂಡು ಕೂತಿದ್ರೆ ಹೆದರಿಯಾದರೂ ಬಿಟ್ಟಾರು,” ಎಂದು ನಗುವ ಮನುಷ್ಯ. ಚಿತ್ರದ ಮೇಲಿನ ಬಟ್ಟೆ ಸರಿಸಿದಾಗ ಮುಖ ನೋಡಿ ಹಿಗ್ಗಿದರು. “ಅಬ್ಬಬ್ಬಾ, ಏನು ನೋಟ!” ಎಂದರು. ಆಮೇಲೆ ಅವರ ಕಣ್ಣು ಕೆಳಕ್ಕೆ ಇಳಿದು ಅಲ್ಲೇ ನಿಂತಿತು.

“ಈ ಕೈ... ಮೂಲ ಚಿತ್ರದಲ್ಲೂ ಹೀಗೇ ಇದೆಯಾ?”

ಸಿಕ್ಕಿಬಿದ್ದೆ ಎಂದುಕೊಂಡಳು ಅವಳು. ಮೂಲದಂತಿಲ್ಲ ಎಂದರೆ ಚಿತ್ರ ಬೇಡ ಎನ್ನುತ್ತಾರೇನೋ. “ಹೂಂ ಸರ್, ಇದ್ದ ಹಾಗೇ ಬರೆದಿದ್ದೀನಿ,” ಎಂದು ಸಲೀಸಾಗಿ ಸುಳ್ಳು ಬಿಟ್ಟಳು.

“ಹಾಗಾದ್ರೆ ಪಾಪ, ಈ ಪುಣ್ಯಾತ್ಮ ಹೆಚ್ಚು ದಿನ ಬದುಕಿರಲಾರ,” ಎಂದರು ಡಾಕ್ಟರು, ಹವಾಮಾನದ ಸುದ್ದಿ ಹೇಳಿದ ಹಾಗೆ. “ಬೆರಳ ತುದಿ ನೋಡಿ, ಡ್ರಮ್ ಬಾರಿಸೋ ಕೋಲಿನ ಹಾಗೆ ಉಬ್ಬಿದೆ. ಉಗುರು ನೋಡಿ, ಕವುಚಿಟ್ಟ ಚಮಚ. ಶ್ವಾಸಕೋಶದಲ್ಲಿ ಕೆಟ್ಟದ್ದೇನೋ ಬಹಳ ಕಾಲದಿಂದ ಕೂತಿದ್ರೆ ಹೀಗಾಗುತ್ತೆ. ಆ ಕಾಲದಲ್ಲಿ ಔಷಧಿ ಎಲ್ಲಿತ್ತು, ಹೋಗಿಬಿಟ್ಟಿರ್ತಾನೆ.”

ಹಿಂದಿನ ಕೋಣೆಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಕೆಮ್ಮು ಕೇಳಿಸಿತು.

ಅವಳು ಕೆಮ್ಮು ಬಂದ ಕಡೆಗೊಮ್ಮೆ, ಚಿತ್ರದ ಕೈಯ ಕಡೆಗೊಮ್ಮೆ ನೋಡಿದಳು. ಹಾಗೇ ಗೋಡೆಗೆ ಆನಿಕೊಂಡಳು. ಡಾಕ್ಟರು ಗಾಬರಿಯಾಗಿ ಸ್ಟೂಲು ಎಳೆದು ಕೂರಿಸಿದರು.

“ಸುಳ್ಳು ಹೇಳ್ದೆ ಸರ್,” ಎಂದಳು ಕೊನೆಗೆ. “ಅದು ಕಾರ್ಡಿನಲ್ಲರ ಕೈ ಅಲ್ಲ. ನಮ್ಮೆಜಮಾನ್ರದ್ದು.”

ಆಡಿದ ಮಾತು, ಒಡೆದ ಮುತ್ತು. ಆಯ್ದು ಜೋಡಿಸುವುದು ಹೇಗೆ? ಪಾಪ, ಅವರ ಮುಖ ಸಣ್ಣದಾಯಿತು. “ಅವರನ್ನ ಸ್ವಲ್ಪ ಕರೀರಮ್ಮ,” ಎಂದರು ಮೆಲ್ಲಗೆ.

ಅವನು ಅಂಟಿನ ಕೈ ಒರೆಸಿಕೊಳ್ಳುತ್ತಾ ಬಂದ. “ಏನು, ಇನ್ನೊಬ್ಬ ಕಾರ್ಡಿನಲ್ ಸಿಕ್ಕಿದ್ನಾ? ಈ ಸಲ ಕೂರೋದಕ್ಕೆ ನಾನು ಕೂಲಿ ಕೇಳ್ತೀನಿ,” ಎಂದ.

ಎರಡೂ ತೋರುಬೆರಳ ಉಗುರುಗಳನ್ನು ಒಂದಕ್ಕೊಂದು ಎದುರಾಗಿಸಿ ಒತ್ತಿ ಹಿಡಿಯುವಂತೆ ಡಾಕ್ಟರು ಹೇಳಿದರು. ಅವನು ಹಿಡಿದ. ಪಕ್ಕದಲ್ಲಿ ಅವಳೂ ಹಿಡಿದಳು. ಅವಳ ಉಗುರುಗಳ ಬುಡದ ನಡುವೆ ಎಳ್ಳು ಕಾಳಿನಷ್ಟು ಸಂದು, ಅದರಲ್ಲಿ ಕಿಟಕಿಯ ಬೆಳಕು ಕಂಡಿತು. ಅವನದರಲ್ಲಿ ಸಂದೇ ಇಲ್ಲ. ಅವಳು ಕತ್ತು ವಾಲಿಸಿ ನೋಡಿದಳು, ಅವನ ಕೈಯನ್ನೇ ಕಿಟಕಿಯ ಕಡೆಗೆ ತಿರುಗಿಸಿ ನೋಡಿದಳು. ಇಲ್ಲವೇ ಇಲ್ಲ.

“ನಾನು ಮೊದಲು ಬಾಯಿಗೆ ಬಂದದ್ದು ಹೇಳ್ಬಿಟ್ಟೆ, ಅದನ್ನ ಮರೆತುಬಿಡಿ,” ಎಂದರು ಡಾಕ್ಟರು. “ಬೆರಳು ಉಬ್ಬಿ ಹೀಗೆ ಸಂದು ಮುಚ್ಚೋದಕ್ಕೆ ಕಾರಣ ಹತ್ತಾರು. ಎಲ್ಲವೂ ಕೊಲ್ಲೋವಲ್ಲ. ಆದ್ರೆ ಎಕ್ಸ್‌ರೇ ಈಗ್ಲೇ ಆಗ್ಬೇಕು. ನಾಳೆ ಅಲ್ಲ, ಸಂಜೆ ಅಲ್ಲ. ನನ್ನ ಕಾರಿದೆ, ಬನ್ನಿ.” ಹೇಳಿದವರೇ ಕಾರು ತರಲು ಹೊರಗೆ ನಡೆದರು.

ಮರೆತುಬಿಡಿ ಎಂದರೆ ಮರೆಯುವುದಕ್ಕೆ ಅದೇನು ಕೊಡೆಯೇ! ಅವಳು ಎದ್ದು ಗೋಡೆಗೆ ಒರಗಿಸಿಟ್ಟಿದ್ದ, ಮಾರಾಟವಾಗದೆ ಉಳಿದ ಚಿತ್ರಗಳನ್ನು ಒಂದೊಂದಾಗಿ ತಿರುಗಿಸಿದಳು. ಎಲ್ಲಕ್ಕಿಂತ ಮೊದಲು ಬರೆದಿದ್ದ ಬಿಷಪ್ಪರ ಬೆರಳು ನೀಳವಾಗಿ, ತುದಿಗೆ ಬರುತ್ತಾ ಸಣ್ಣಗಾಗಿತ್ತು. ಆಮೇಲಿನ ಪೋಪರ ಬೆರಳು ತುದಿಯಲ್ಲಿ ಒಂದಿಷ್ಟು ಗುಂಡಗಾಗಿತ್ತು. ಕಳೆದ ವರ್ಷದ ಕಾರ್ಡಿನಲ್ಲರದು ಉಬ್ಬಿಯೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಬೇಕಾಯಿತಲ್ಲ! ಕನ್ನಡಿಯನ್ನು ಅವಳೇ ಬರೆದಿದ್ದಳು, ಒಂದಲ್ಲ, ಸಾಲು ಸಾಲಾಗಿ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿ, ಒಂದು ಕೂದಲೆಳೆಯೂ ತಪ್ಪದಂತೆ, ಗಂಡನ ಕಾಯಿಲೆಯನ್ನು ಬರೆದು, ಚೌಕಟ್ಟು ಹಾಕಲು ಅವನ ಕೈಗೇ ಕೊಟ್ಟಿದ್ದಳು. ಅವಳಿಗೆ ತನ್ನ ಕಣ್ಣುಗಳ ಮೇಲೆಯೇ ಹೇಸಿಗೆಯಾಯಿತು.

ಅವನು ಹಿಂದೆ ಬಂದು ನಿಂತು ಆ ಸಾಲನ್ನು ನೋಡಿದ. ಮೊದಲಿಂದ ಕೊನೆಗೆ, ಮತ್ತೆ ಕೊನೆಯಿಂದ ಮೊದಲಿಗೆ. ಅವನಿಗೂ ತಿಳಿಯಿತು.

“ನೀನು ನೋಡ್ಲೇ ಇಲ್ವೇನೇ?” ಎಂದ. ದೂರು ಇರಲಿಲ್ಲ ಆ ದನಿಯಲ್ಲಿ, ಬರೀ ಅಚ್ಚರಿ.

“ನೋಡಿದ್ದೆ ರೀ,” ಎಂದಳು. “ಪ್ರತಿ ಸಲವೂ ನೋಡಿದ್ದೆ. ಈಗೀಗ ಕೈಗೊಂದು ಗತ್ತು ಬರ್ತಿದೆ, ದೊಡ್ಡ ಮನುಷ್ಯರ ಕೈ ಥರ ಇದೆ ಅಂತ ಖುಷಿಪಟ್ಟಿದ್ದೆ. ತುದಿ ಇನ್ನೂ ಸ್ವಲ್ಪ ತುಂಬ್ಕೊಂಡ್ರೆ ಚೆನ್ನಾಗಿರುತ್ತೆ ಅಂತ... ನಾನೇ ಅಂದ್ಕೊಂಡಿದ್ದೆ.”

ಹೊರಗೆ ಕಾರಿನ ಹಾರನ್ ಕೇಳಿಸಿತು. ಅವನು ಕೈ ಚಾಚಿದ. ಆ ಕೈಯನ್ನು ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ನೋಡದೆಯೇ ಹಿಡಿದುಕೊಂಡಳು.