ಹುಳು ಮನೆಗೆ ಪಾರ್ಲಿಮೆಂಟು ಬಂದದ್ದು

ನಾಲ್ಕನೇ ಜ್ವರ ಎದ್ದ ಹುಳು ಮನೆಗೆ ಹೊರಗಿನವರನ್ನು ಬಿಡಬಾರದು. ಇದು ನಾನು ಮಾಡಿದ ಕಾನೂನಲ್ಲ, ನಮ್ಮ ಪರಿಗಿ ಕಡೆ ರೇಷ್ಮೆ ಮಾಡುವ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಮುಗಿಸಿ ಎದ್ದ ಹುಳುವಿಗೆ ಆಮೇಲೆ ಸೊಪ್ಪು ತಿನ್ನುವುದೊಂದೇ ಕೆಲಸ, ತಿಂದು ಹಣ್ಣಾಗಿ ಗೂಡು ಕಟ್ಟುತ್ತದೆ. ಆ ದಿನಗಳಲ್ಲಿ ಬೀಡಿ ಸೇದಿದ ಕೈಯಲ್ಲಿ ಬಾಗಿಲು ಮುಟ್ಟಿದರೂ ನನ್ನ ಅತ್ತೆ ಉಡುಸಲಮ್ಮ ಮುಖ ಮೂತಿ ನೋಡದೆ ಬೈಯುತ್ತಾಳೆ. ಸೆಂಟು ಪೂಸಿಕೊಂಡು ಬಂದ ಸ್ವಂತ ಮಗಳನ್ನೇ ಹಿತ್ತಲಲ್ಲಿ ಕೂರಿಸಿ ಮುದ್ದೆ ಹಾಕಿದವಳು ಅವಳು. ಅಂಥ ಮನೆಗೆ ದೆಹಲಿಯ ಪಾರ್ಲಿಮೆಂಟು ಬಂತು. ಬರಿಗೈಯಲ್ಲೂ ಬರಲಿಲ್ಲ, ಕೊರಳು ತುಂಬ ಚೆಂಡು ಹೂವಿನ ಹಾರ ಹಾಕಿಕೊಂಡು ಬಂತು.

ಬಂದವರು ಸಂಸತ್ತಿನ ಒಂದು ಸಮಿತಿಯವರು. ಸರ್ಕಾರ ಹೊರದೇಶಗಳ ಜೊತೆ ಮಾಡುವ ವ್ಯಾಪಾರ, ಹೊರದೇಶಕ್ಕೆ ಕೊಡುವ ಸಾಲ ಇವೆಲ್ಲ ನೆಟ್ಟಗಿವೆಯೋ ಇಲ್ಲವೋ ಅಂತ ವಿಚಾರಿಸುವುದು ಅವರ ಕೆಲಸವಂತೆ. ಎರಡು ಸಾವಿರದ ಏಳನೇ ಇಸವಿ. ಚೀನಾ ರೇಷ್ಮೆ ನೂಲಿನ ಮೇಲಿನ ಸುಂಕ ಇಳಿಸುತ್ತಾರೆ ಅಂತ ನಮ್ಮ ಕಡೆ ಗುಲ್ಲೋ ಗುಲ್ಲು. ಇಳಿಸಿದರೆ ಹಿಂದೂಪುರದ ಮಾರುಕಟ್ಟೆಯಲ್ಲಿ ನಮ್ಮ ಗೂಡನ್ನು ತಿರುಗಿ ನೋಡುವವರಿರುವುದಿಲ್ಲ. ಊರಿನಲ್ಲಿ ಹುಳು ಮೇಯಿಸುವ ಹೆಂಗಸರೆಲ್ಲ ಸೇರಿ, ಸಮಿತಿಯ ಮುಂದೆ ಕೃಷ್ಣವೇಣಿಯೇ ಮಾತಾಡಲಿ ಅಂತ ನನ್ನನ್ನು ಮುಂದೆ ತಳ್ಳಿದ್ದರು. ನನಗೆ ಬಾಯಿ ಜೋರು ಅನ್ನುವುದೊಂದೇ ಕಾರಣ. ಅದನ್ನು ನಾನು ಹೊಗಳಿಕೆ ಅಂತಲೇ ತಗೊಂಡೆ.

ಅವರನ್ನು ಕರಕೊಂಡು ಬಂದವನು ವೇಣುಗೋಪಾಲ್. ಹಿಂದೂಪುರದ ನೇಕಾರರ ಸಂಘದ ಅಧ್ಯಕ್ಷ. ತಾತನ ಕಾಲದಿಂದ ಮಗ್ಗದ ಮನೆ, ಈಗ ನೂಲಿನ ಅಂಗಡಿಯೂ ಉಂಟು. ಸೀರೆ ಮಾರಲು ಉತ್ತರದ ಊರುಗಳನ್ನೆಲ್ಲ ಸುತ್ತಿ ಹಿಂದಿ ಕಲಿತಿದ್ದ, ಅದಕ್ಕೇ ಅಧಿಕಾರಿಗಳು ಅವನನ್ನೇ ದುಭಾಷಿ ಮಾಡಿಕೊಂಡಿದ್ದರು. ಅವನಿಗೆ ಸುಂಕ ಇಳಿಯಬೇಕು. ನಿಮ್ಮ ನೂಲು ದುಬಾರಿ, ತುಂಬ ಗಂಟು, ಅದರಿಂದಲೇ ನಮ್ಮ ಮಗ್ಗ ನಿಂತಿವೆ ಅಂತ ಅವನ ವಾದ. ಮಗ್ಗ ನಿಂತದ್ದು ಸುಳ್ಳಲ್ಲ, ಅವರ ಬೀದಿಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ನಮ್ಮನ್ನು ಗೂಡಿನೋರು ಅಂತ ಕರೆಯುವಾಗ ಅವನು ಅನ್ನದಲ್ಲಿ ಕಲ್ಲು ಕಡಿದವನ ಹಾಗೆ ಮುಖ ಮಾಡುತ್ತಾನೆ. ನಾನೂ ಬೆನ್ನ ಹಿಂದೆ ಅವನ ಬಗ್ಗೆ ಒಳ್ಳೆ ಮಾತಾಡಿದವಳಲ್ಲ. ಎದುರಿಗೆ ಮಾತ್ರ ಅಣ್ಣಾ ಅನ್ನುತ್ತಿದ್ದೆ.

ಕಾರುಗಳು ಬಂದು ನಿಂತಾಗ ನಾನು ಹುಳು ಮನೆಯ ಬಾಗಿಲಿಗೆ ಅಡ್ಡ ನಿಂತುಕೊಂಡೆ. ಕಿಟಕಿಯ ಜಾಲರಿಯಿಂದ ಎಷ್ಟು ಬೇಕಾದರೂ ನೋಡಲಿ, ಒಳಗೆ ಮಾತ್ರ ಬೇಡ ಅಂದೆ. ವೇಣುಗೋಪಾಲ್ ಹತ್ತಿರ ಬಂದು ದನಿ ತಗ್ಗಿಸಿದ.

"ನಾಡಿದ್ದು ಕಲ್ಯಾಣದುರ್ಗದಾಗೆ ಇವ್ರ ಕೊನೇ ಸಭೆ ಐತೆ ಕಣಮ್ಮ. ಮಾತಾಡೋರ ಹೆಸರು ಬರ್ಸೋನು ನಾನೇ. ಬಾಗ್ಲು ತೆಗುದ್ರೆ ನಿನ್ನೆಸ್ರು ಇರ್ತೈತೆ. ಇಲ್ಲಾಂದ್ರೆ ಇಲ್ಲ, ಅಷ್ಟೇ."

ಎಷ್ಟು ಸಲೀಸಾಗಿ ಹೇಳಿದ ನೋಡಿ. ನನಗೆ ಮೈಯೆಲ್ಲ ಉರಿಯಿತು. ಆದರೂ ಊರಿನ ಹೆಂಗಸರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು, ಮಾತಾಡದೆ ಬಿಟ್ಟರೆ ಅವರಿಗೆ ಏನು ಹೇಳಲಿ? ಹಾರಗಳನ್ನು ಹೊರಗೆ ಬಿಡಲಿ, ಕೈಕಾಲು ತೊಳೆಯಲಿ, ಒಬ್ಬೊಬ್ಬರಾಗಿ ಬರಲಿ ಅಂತ ಷರತ್ತು ಹಾಕಿ ಬಾಗಿಲು ತೆಗೆದೆ. ಅವನು ಹಿಂದಿಯಲ್ಲಿ ಅವರಿಗೆ ಏನು ಹೇಳಿದನೋ ದೇವರೇ ಬಲ್ಲ. ಕಾಲನ್ನು ಎಲ್ಲರೂ ಖುಷಿಯಾಗಿ ತೊಳೆದರು. ಹಾರ ಯಾರೂ ತೆಗೆಯಲಿಲ್ಲ, ಬಂದದ್ದೂ ಒಟ್ಟಿಗೇ.

ಒಳಗೆ ಸೆಕೆ. ದಪ್ಪಗಿದ್ದ ಒಬ್ಬ ಸದಸ್ಯರು ಕೊರಳಿನ ಹಾರ ತೆಗೆದು, ಇಡಲು ಜಾಗ ಹುಡುಕಿ, ಹುಳುವಿಗೆ ಹಾಕಲೆಂದು ಕುಯ್ದು ತಂದಿದ್ದ ಹಿಪ್ಪುನೇರಳೆ ಸೊಪ್ಪಿನ ಗುಡ್ಡೆಯ ಮೇಲೆ ಇಟ್ಟರು. ಸೊಪ್ಪು ಬಾಡದಿರಲಿ ಅಂತ ಆಗಷ್ಟೇ ನೀರು ಚಿಮುಕಿಸಿದ್ದೆವು. ಅವರು ಇಟ್ಟದ್ದು ನೋಡಿ ಉಳಿದವರೂ ಅಲ್ಲೇ ಇಟ್ಟರು. ಆ ಹೊತ್ತಿನಲ್ಲಿ ಸಮಿತಿಯ ಅಧ್ಯಕ್ಷರು ನನ್ನನ್ನು ಇನ್ನೊಂದು ಮೂಲೆಗೆ ಕರೆದು ಕೈಸನ್ನೆಯಲ್ಲೇ ಏನೇನೋ ಕೇಳುತ್ತಿದ್ದರು. ಒಂದು ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಂಡು ಮಕ್ಕಳ ಹಾಗೆ ನಕ್ಕರು. ನಿಜ ಹೇಳುತ್ತೇನೆ, ಆಗ ಅವರು ನನಗೆ ಹಿಡಿಸಿದರು.

ಪೇಪರಿನವನಿಗೆ ಹುಳು ಮೇಯುವ ಫೋಟೋ ಬೇಕಾಗಿತ್ತು. ಸೊಪ್ಪು ಹಾಕಮ್ಮಾ ಅಂತ ವೇಣುಗೋಪಾಲ್ ನನ್ನ ಅತ್ತೆಗೆ ಹೇಳಿದ. ಜನ್ಮದಲ್ಲಿ ಫೋಟೋ ತೆಗೆಸಿಕೊಳ್ಳದ ಮುದುಕಿ, ದೆಹಲಿಯವರು ನೋಡುತ್ತಿದ್ದಾರೆ ಅಂತ ಸಂಭ್ರಮಪಟ್ಟು, ಹಾರಗಳನ್ನು ಪಕ್ಕಕ್ಕೆ ಸರಿಸಿ, ತೆಕ್ಕೆ ತೆಕ್ಕೆ ಸೊಪ್ಪು ಎತ್ತಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಲ್ಲ ತಟ್ಟೆಗೂ ಹಾಕಿಬಿಟ್ಟಳು. ನಾನು ತಿರುಗಿ ನೋಡುವ ಹೊತ್ತಿಗೆ ಸೊಪ್ಪಿನ ನಡುವೆ ಹಳದಿ ಎಸಳುಗಳು ಕಾಣುತ್ತಿದ್ದವು. ಚೆಂಡು ಹೂವಿಗೆ ನಮ್ಮ ಕಡೆ ಎಂಥ ಔಷಧಿ ಹೊಡೆಯುತ್ತಾರೆ, ಎಷ್ಟು ಹೊಡೆಯುತ್ತಾರೆ ಅಂತ ಯಾರಿಗೆ ಗೊತ್ತಿಲ್ಲ? ಹಾರಗಳನ್ನು ಹೊರಗೆಸೆದೆ, ಕೈಗೆ ಸಿಕ್ಕಷ್ಟು ಸೊಪ್ಪು ಎತ್ತಿ ಬಿಸಾಕಿದೆ. ಹುಳು ಆಗಲೇ ಬಾಯಿ ಹಾಕಿದ್ದವು. ನನ್ನ ಆತುರ ಕಂಡು ಇಬ್ಬರು ಸದಸ್ಯರು ನಕ್ಕರು, ಅದರ ಫೋಟೋ ಕೂಡ ಆಯಿತು.

ದೀಪ ಹಚ್ಚುವ ಹೊತ್ತಿಗೆ ಹುಳು ತಲೆ ಎತ್ತಿ ಅತ್ತಿತ್ತ ತೂಗತೊಡಗಿದವು, ಬಾಯಿಂದ ಹಸಿರು ನೀರು ಕಾರಿದವು. ಬೆಳಗಾಗುವಷ್ಟರಲ್ಲಿ ಮನೆಗೆ ಮನೆಯೇ ನಿಶ್ಶಬ್ದ. ಮೇಯುವ ಹುಳುವಿನ ಮನೆಯಲ್ಲಿ ಸಣ್ಣ ಮಳೆ ಹನಿಯುವಂಥ ಸದ್ದು ಇರುತ್ತದೆ, ಆ ಸದ್ದು ನಿಂತದ್ದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ನನ್ನ ಗಂಡ ಆಂಜನೇಯ ತೋಟದಲ್ಲಿ ಗುಂಡಿ ತೋಡಿ ಹುಳುಗಳನ್ನು ಹಾಕಿ ಮಣ್ಣೆಳೆದ. ಅತ್ತೆ ಗೋಡೆಗೆ ಒರಗಿ ಕೂತು ತನ್ನ ಕೈ ತಾನೇ ನೋಡಿಕೊಳ್ಳುತ್ತಿದ್ದಳು. ನಾನೇ ಹಾಕ್ಬುಟ್ನಲ್ಲೇ, ನನ್ ಕೈಯಾರೆ ಹಾಕ್ಬುಟ್ನಲ್ಲೇ ಅಂತ ಅದೊಂದೇ ಮಾತು. ಬೈಗುಳವೇ ಮಾತೃಭಾಷೆಯಾಗಿದ್ದ ಹೆಂಗಸು ಯಾರನ್ನೂ ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಒಂದು ಮೊರದಷ್ಟು ಸತ್ತ ಹುಳುವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತೆಗೆದಿಟ್ಟೆ, ಮಾರನೇ ದಿನ ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ. ಗಂಟಿನ ವಾಸನೆಗೆ ಬಸ್ಸಿನಲ್ಲಿ ಪಕ್ಕದವಳು ಎದ್ದು ಹೋದಳು. ಹೋಗಲಿ ಅಂದುಕೊಂಡೆ.

ಸಭೆ ಅತಿಥಿಗೃಹದ ಹಾಲಿನಲ್ಲಿ. ಮೊದಲು ಬಂದದ್ದು ನನ್ನ ವಿಷಯವಲ್ಲ. ಸರ್ಕಾರಿ ಬ್ಯಾಂಕೊಂದು ಯಾವುದೋ ದೂರದ ದ್ವೀಪದಲ್ಲಿ ಕಲ್ಲಿದ್ದಲು ಗಣಿ ತೆಗೆಯಲು ಒಂದು ಕಂಪನಿಗೆ ಸಾಲ ಕೊಟ್ಟಿತ್ತಂತೆ. ಇಲ್ಲಿಯ ಗುಡ್ಡಗಳ ಮೇಲೆ ಗಾಳಿ ಯಂತ್ರ ಹಾಕುತ್ತೇವೆ ಅಂದವರಿಗೆ ಮಾತ್ರ ಅದೇ ಬ್ಯಾಂಕು ಇಲ್ಲ ಅಂದಿತ್ತಂತೆ. ಗಾಳಿ ಯಂತ್ರಕ್ಕೆ ಜಮೀನು ಕೊಟ್ಟ ಸೆಟ್ಟೂರು ಕಡೆಯ ರೈತರು ಹಿಂದೆ ಕೂತಿದ್ದರು. ಅವರಿಗೂ ತಿಳಿಯಲಿ ಅಂತ ಸಮಿತಿಯ ಅಧ್ಯಕ್ಷರ ಒಂದೊಂದು ಮಾತನ್ನೂ ವೇಣುಗೋಪಾಲ್ ತೆಲುಗಿನಲ್ಲಿ ಕೂಗಿ ಹೇಳುತ್ತಿದ್ದ. ಎದುರಿನ ಕುರ್ಚಿಯಲ್ಲಿ ಬ್ಯಾಂಕಿನ ಅಧಿಕಾರಿ. ಕೋಟು ಹಾಕಿದ್ದರೂ ನಮ್ಮ ಸೀಮೆಯ ತೆಲುಗಿನವನೇ, ಕನ್ನಡವೂ ತಿಳಿಯುವವನು, ಪಕ್ಕದವರೊಡನೆ ಮಾತಾಡಿದಾಗ ಗೊತ್ತಾಯಿತು.

ಅಧ್ಯಕ್ಷರು ಅವನ ನೀರಿಳಿಸಿದರು. ಆ ದ್ವೀಪಕ್ಕೆ ಹೋಗಿ ನೋಡಿದ್ದೀರಾ? ಇಲ್ಲ. ಗಣಿಯ ಕೆಳಗಿನ ಊರಿನ ಹೊಳೆ ಏನಾಯಿತು, ಜನ ಏನಾದರು, ಕೇಳಿದ್ದೀರಾ? ಅದು ನಮ್ಮ ಬ್ಯಾಂಕಿನ ವ್ಯಾಪ್ತಿಗೆ ಬರುವುದಿಲ್ಲ ಸಾರ್ ಅಂದ ಅವನು. ಅಧ್ಯಕ್ಷರು ಮೇಜು ಗುದ್ದಿದರು. ದುಡ್ಡು ಕೊಡುವುದು ನಿಮ್ಮ ವ್ಯಾಪ್ತಿ, ಅದರಿಂದ ಆದದ್ದು ನಿಮ್ಮ ವ್ಯಾಪ್ತಿ ಅಲ್ಲವೋ ಅಂತ ಕೇಳಿದರು. ವೇಣುಗೋಪಾಲ್ ಅದನ್ನು ಇನ್ನಷ್ಟು ಖಾರ ಹಾಕಿ ತೆಲುಗಿಗೆ ತಿರುಗಿಸಿದ, ಹಿಂದೆ ಕೂತ ರೈತರು ಗೊಳ್ಳೆಂದರು. ಅಧಿಕಾರಿಯ ಕಿವಿ ಕೆಂಪಗಾಯಿತು. ನನಗಂತೂ ಧೈರ್ಯ ಬಂತು. ಸಮುದ್ರದಾಚೆಯ ಊರಿನ ಬಗ್ಗೆ ಇಷ್ಟು ಕೇಳುವ ಮನುಷ್ಯ ತಾನೇ ಬಂದು ನೋಡಿಹೋದ ಮನೆಯ ಬಗ್ಗೆ ಕೇಳದಿರುತ್ತಾನೆಯೇ?

ನನ್ನ ಹೆಸರು ಕರೆದಾಗ ಮೇಜಿನ ಮೇಲೆ ಗಂಟು ಬಿಚ್ಚಿದೆ. ಸದಸ್ಯರು ಮೂಗಿಗೆ ಕರ್ಚೀಫು ಹಿಡಿದರು. ಸುಂಕದ ಬಗ್ಗೆ ಹೇಳಲು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹಾಗೇ ಉಳಿಯಿತು. ಬಾಗಿಲು ತೆಗೆಸಿದ್ದು ಹೇಗೆ, ಹಾರ ಎಲ್ಲಿ ಇಟ್ಟರು, ಸೊಪ್ಪು ಹಾಕಿಸಿದ್ದು ಯಾರು, ಸಂಜೆಗೆ ಏನಾಯಿತು ಎಲ್ಲವನ್ನೂ ಹೇಳಿದೆ.

"ನಮ್ ಗೂಡಿನ ಗತಿ ನೋಡಾಕೆ ಅಂತ ಬಂದ್ರಿ. ನೀವು ಬಂದಿದ್ದಕ್ಕೇ ನಮ್ಗೆ ಗೂಡಿಲ್ಲ. ಇದನ್ನ ಬರ್ಕಳಿ ಸಾರ್, ಬರ್ದ ಮೇಲೇ ನಾನು ಏಳೋದು."

ಇಷ್ಟುದ್ದ ಹೇಳಿದ್ದಕ್ಕೆ ವೇಣುಗೋಪಾಲ್ ಹಿಂದಿಯಲ್ಲಿ ಎರಡೇ ಎರಡು ಮಾತಾಡಿದ. ಅಧ್ಯಕ್ಷರು ಅಯ್ಯೋ ಅನ್ನುವಂತೆ ತಲೆಯಾಡಿಸಿ ಏನೋ ಅಂದರು. ನಿನ್ನ ಹುಳುವಿಗೆ ರೋಗ ಬಂದದ್ದಕ್ಕೆ ಅವರಿಗೆ ಬೇಜಾರಾಗಿದೆ ಅಂತ ಇವನು ನನಗೆ ತಿಳಿಸಿದ. ರೋಗ ಅಂತ ಯಾರು ಹೇಳಿದರು ಅಂದೆ. ಅವನು ಕಾಗದ ನೋಡಿದ, ನನ್ನನ್ನು ನೋಡಲಿಲ್ಲ.

ಆಗ ಬ್ಯಾಂಕಿನ ಅಧಿಕಾರಿ ಎದ್ದು ನಿಂತ. ಯಾರೂ ಅವನನ್ನು ಕೇಳಿರಲಿಲ್ಲ. ಕೋಟು ಸರಿಮಾಡಿಕೊಂಡು, ಅವಸರವಿಲ್ಲದೆ, ಹಿಂದಿಯಲ್ಲಿ ಶುರು ಮಾಡಿದ. ಹಾರ ಬಿಟ್ಟುಬಂದಿಲ್ಲ ಅಂದದ್ದಕ್ಕೆ ಕೊರಳು ತೋರಿಸಿದ, ಸೊಪ್ಪು ಹಾಕಿಸಿದವನು ಯಾರು ಅನ್ನುವಲ್ಲಿ ವೇಣುಗೋಪಾಲನ ಕಡೆ ಬೆರಳು ಮಾಡಿದ. ನಾನು ಹೇಳಿದ್ದರಲ್ಲಿ ಒಂದೂ ಬಿಡಲಿಲ್ಲ ಅಂತ ಭಾಷೆ ಬಾರದ ನನಗೂ ತಿಳಿಯುತ್ತಿತ್ತು. ಆ ದುಭಾಷಿ ರೋಗ ಅಂದ, ಈ ಕಡೆ ಇದು ಮಾಮೂಲು, ಇಂಥವರನ್ನು ನಂಬಿ ಮಗ್ಗ ನಡೆಸಲಾಗದು ಅಂದ, ಅದನ್ನು ನಾನು ಸರಿಮಾಡಿದ್ದೇನೆ ಅಂತ ಕೊನೆಗೆ ನನಗೆ ತೆಲುಗಿನಲ್ಲಿ ತಿಳಿಸಿ ಕೂತ.

ದಪ್ಪಗಿದ್ದ ಸದಸ್ಯರು ಕಿಟಕಿಯ ಆಚೆ ನೋಡತೊಡಗಿದರು. ಅಧ್ಯಕ್ಷರ ಮುಖ ಬಿಗಿಯಿತು. ಅವರು ಸಣ್ಣಗೆ ಏನೋ ಹೇಳಿದ ಕೂಡಲೇ ಬರೆದುಕೊಳ್ಳುತ್ತಿದ್ದ ಹುಡುಗಿ ಪೆನ್ನು ಕೆಳಗಿಟ್ಟಳು. ಬ್ಯಾಂಕಿನ ಅಧಿಕಾರಿ ಬಾಯಿ ಚಪ್ಪರಿಸುವವನ ಹಾಗೆ ನನ್ನ ಕಡೆ ತಿರುಗಿದ. ಇದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವಂತೆ ತಾಯಿ, ಕಲೆಕ್ಟರಿಗೆ ಅರ್ಜಿ ಕೊಡಬೇಕಂತೆ ಅಂದ.

"ಇವಾಗ ತಾನೇ ಈ ಸಾರ್‌ನ ಕೇಳಿದ್ರಲ್ಲ, ಅಲ್ಲಿನ ಜನ ಏನಾದ್ರು ಅಂತ. ಹಂಗೇ ನಮ್ಮನ್ನೂ ಕೇಳಿ."

ಅದನ್ನೂ ಅವನು ಹಿಂದಿಗೆ ತಿರುಗಿಸಿದ, ಬೇಕೆಂದೇ ನಿಧಾನವಾಗಿ. ಅಧ್ಯಕ್ಷರು ಕೇಳಲಿಲ್ಲ. ಊಟದ ಹೊತ್ತಾಯಿತು ಅಂತ ಎದ್ದರು, ಅವರ ಹಿಂದೆ ಎಲ್ಲರೂ ಎದ್ದರು. ಬರೆದ ಮೇಲೇ ಏಳುತ್ತೇನೆ ಅಂದಿದ್ದ ನಾನು ಖಾಲಿ ಹಾಲಿನಲ್ಲಿ ಕೂತಿದ್ದೆ. ಕಾವಲಿನವನು ಬಂದು ಗಂಟು ಎತ್ತಮ್ಮ, ಮೇಜು ಒರೆಸಬೇಕು ಅಂದ.

ಮೆಟ್ಟಿಲ ಬಳಿ ವೇಣುಗೋಪಾಲ್ ಕಾಯುತ್ತಿದ್ದ. ಹೂವಿನ ಔಷಧಿ ವಿಷಯ ನನಗೆ ಹೊಳೆಯಲಿಲ್ಲ ಕಣಮ್ಮ, ನನ್ನ ಮಗ್ಗದಾಣೆ ಅಂದ. ನಂಬಬಹುದಿತ್ತೇನೋ.

"ಹೊಳೀದೆ ಇದ್ರೆ ರೋಗ ಅಂತ ಯಾಕಂದೆ?"

ಆ ಸಲ ಅಣ್ಣಾ ಅನ್ನಲಿಲ್ಲ. ಅವನಿಗೆ ನಿಂತ ಮಗ್ಗಗಳಿದ್ದವು, ನನಗೆ ಬರಿದಾದ ಹುಳು ಮನೆ ಇತ್ತು, ಇಬ್ಬರೂ ಒಬ್ಬರನ್ನೊಬ್ಬರು ದ್ವೇಷಿಸುತ್ತ ಬಿಸಿಲಲ್ಲಿ ನಿಂತಿದ್ದೆವು. ಆಮೇಲೆ ಅವನು ಊಟಕ್ಕೆ ಹೋದ.

ಗೇಟಿನ ಹತ್ತಿರ ಬ್ಯಾಂಕಿನವನ ಕಾರು ನನ್ನ ಪಕ್ಕಕ್ಕೆ ಬಂದು ನಿಂತಿತು. ಗಾಜು ಇಳಿಸಿ, ಮುಖವೆಲ್ಲ ನಗುವಾಗಿ, ಚೆನ್ನಾಗಿ ಹೇಳಿದಿರಿ ತಾಯಿ, ಆ ಅಧ್ಯಕ್ಷನ ಮುಖ ನೋಡಿದಿರಾ ಅಂದ. ಬಸ್ ಸ್ಟಾಂಡಿಗೆ ಬಿಡುತ್ತೇನೆ ಅಂತಲೂ ಅಂದ. ಅಲ್ಲಿಯವರೆಗೆ ಅವನಿಗೆ ಕೈಮುಗಿಯಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಆ ನಗು ಕಂಡ ಮೇಲೆ ಕೈ ಏಳಲಿಲ್ಲ. ಅವನು ನನ್ನ ಮಾತನ್ನು ಹೊತ್ತದ್ದು ನನಗಾಗಿ ಅಲ್ಲ, ಕಲ್ಲೆಸೆಯಲು ಕೈಗೆ ಕಲ್ಲು ಸಿಕ್ಕಿತ್ತು ಅಷ್ಟೇ. ಆ ಗಣಿಯ ಊರಿನವರು ನಿಮ್ಮ ಹತ್ತಿರ ಏನು ಹೇಳಿದರು ಅಂತ ಕೇಳಿದೆ. ಅವನ ನಗು ನಿಂತಿತು. ಅವರ ಭಾಷೆ ನಮಗೆ ಬರುವುದಿಲ್ಲಮ್ಮ, ಕಂಪನಿಯವರು ಎಲ್ಲ ಸರಿಯಿದೆ ಅಂತ ಬರೆದುಕೊಟ್ಟಿದ್ದಾರೆ ಅಂದ.

"ಅಲ್ಲೂ ನನ್ನಂಗೆ ಒಬ್ಳು ಇರ್ತಾಳೆ ಸಾರ್. ನಿಮ್ ಮೇಲೆ ಸಿಟ್ಟಿರೋನೊಬ್ಬ ಅವಳ್ಗೆ ಸಿಕ್ಲಿ. ಅವಳಂದಿದ್ದನ್ನ ಒಂದೂ ಬಿಡ್ದಂಗೆ ನಿಮ್ ಮುಂದೆ ಹೇಳ್ಲಿ."

ಗಾಜು ಮೇಲೇರಿತು. ನಾನು ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಬಸ್ ಸ್ಟಾಂಡಿನ ಕಡೆ ನಡೆದೆ.