ನೀಲಿ ಚಹಾ, ಇಪ್ಪತ್ತಮೂರು ಹಾಳೆ

೧

ಯಾರನ್ನೂ ಸಾಯಿಸದೆ ಕಥೆ ಶುರು ಮಾಡುವುದು ಹೇಗೆ? ನನಗೆ ಗೊತ್ತಿಲ್ಲ. ಹಾಸ್ಟೆಲ್ ಲೈಬ್ರರಿಯಲ್ಲಿ ನಾನು ಓದಿದ ಕಥೆಗಳಲ್ಲಿ ಅಪ್ಪಂದಿರು ಎರಡನೇ ಪುಟದೊಳಗೆ ಸಾಯುತ್ತಿದ್ದರು, ಮಕ್ಕಳು ಮೂರನೇ ಪುಟದಲ್ಲಿ ಪೆಟ್ಟಿಗೆ ತೆರೆಯುತ್ತಿದ್ದರು. ಹಾಗಾಗಿ ನನ್ನ ಮೊದಲ ಕರಡು ಹೀಗಿತ್ತು:

'ಕಾಗದ ಮಾಡುವ ಉಸ್ತೋ ನೆಮತ್ ತೀರಿಕೊಂಡ ನಲವತ್ತನೆಯ ದಿನ ಮಗಳು ಸನೋಬರ್ ಪೆಟ್ಟಿಗೆ ತೆರೆದು, ಅಪ್ಪ ತನಗೆಂದೇ ಮಾಡಿಟ್ಟ ಇಪ್ಪತ್ತಮೂರು ಹಾಳೆಗಳನ್ನು ಹೊರತೆಗೆದಳು. ಅವಳ ಕಣ್ಣೀರಿನ ಹನಿಯೊಂದು ಮೊದಲ ಹಾಳೆಯ ಮೇಲೆ...'

(ಕಣ್ಣೀರಿನ ಹನಿ. ಬರೆದದ್ದು ನಾನೇ. ಒಪ್ಪಿಕೊಂಡಿದ್ದೇನೆ, ಮುಂದೆ ಓದಿ.)

ತೊಂದರೆ ಏನೆಂದರೆ ಉಸ್ತೋ ನೆಮತ್ ಸತ್ತಿಲ್ಲ (ಉಸ್ತೋ ಅಂದರೆ ನಮ್ಮಲ್ಲಿ ಕಸುಬಿನ ಗುರು). ನಮ್ಮ ಮನೆಯ ಮಣ್ಣುಗೋಡೆಯ ಆಚೆ ಇದ್ದಾರೆ. ತಮ್ಮ ಮೇಲೆ ಏನೋ ಬರೆಯುತ್ತಿದ್ದೇನೆಂದು ಗೊತ್ತಾಗಿ, ಓದಿಸಿ ಕೇಳಿದರು.

"ಯಾವುದರಿಂದ ಸತ್ತೆ ನಾನು?"

"ಹೃದಯದಿಂದ, ಉಸ್ತೋ."

"ನನ್ನ ಹೃದಯಕ್ಕೇನು ಬಂದಿದೆ? ಕೈ ನಡುಗತ್ತೆ, ಅಷ್ಟೆ. ಕೈಯಿಂದ ಸಾಯ್ಸಕ್ಕೆ ಆಗ್ಲಿಲ್ವಾ?"

"ಕೈ ನಡುಗಿ ಯಾರೂ ಸಾಯಲ್ಲ."

"ಹಂಗಾದ್ರೆ ನಾನೂ ಸಾಯಲ್ಲ. ಆ ಸಾಲು ಹೊಡೆದು ಹಾಕು." ಮತ್ತೆ ಅಂದರು: "ಅಲ್ಲಪ್ಪಾ, ನನ್ನ ಹಾಳೆ ಮೇಲೆ ನನ್ನ ಮಗಳು ಬಣ್ಣ ಹಚ್ಬೇಕು ಅಂದ್ರೆ ನಾನು ಸಾಯ್ಲೇಬೇಕಾ? ನಾನು ನೋಡೋದು ಬೇಡ್ವಾ?"

ಓದುಗರೇ, ಇರುವುದು ಇದೊಂದೇ ಪ್ರಶ್ನೆ. ಉಳಿದದ್ದೆಲ್ಲ ನನ್ನ ಒದ್ದಾಟ.

೨

ಕರಡು ಬೇಕಿಲ್ಲದ ಸಂಗತಿಗಳು, ಬೇಗ ಹೇಳಿ ಮುಗಿಸುತ್ತೇನೆ.

ಸಮರ್ಕಂದ್‌ನ ಹೊರಗೆ, ಸಿಯೋಬ್ ಕಾಲುವೆಯ ಪಕ್ಕ, ಉಸ್ತೋ ನೆಮತ್ ನಲವತ್ತು ವರ್ಷ ಹಿಪ್ಪುನೇರಳೆ ತೊಗಟೆ ಬೇಯಿಸಿ, ಕುಟ್ಟಿ, ಕಾಗದ ಎತ್ತಿದರು. 'ಎತ್ತುವುದು' ಅಂದರೆ ಜಾಲರಿಯನ್ನು ತೊಟ್ಟಿಯ ನೀರಿನೊಳಗೆ ಇಳಿಸಿ, ಒಂದಿಷ್ಟೂ ವಾಲದಂತೆ ಮೇಲಕ್ಕೆ ತರುವುದು. ಕೈ ನಡುಗಿದರೆ ಹಾಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಬಲೆ. ಮೂರು ವರ್ಷದ ಹಿಂದೆ ಅವರ ಕೈ ನಡುಗಲು ಶುರುವಾಯಿತು. ಅದಕ್ಕೂ ಮುಂಚೆ ಎತ್ತಿದ ಕೊನೆಯ ಹಾಳೆಗಳು ಇಪ್ಪತ್ತಮೂರು. ಅವಕ್ಕೆ ಗಂಜಿ ಹಾಕಿ, ಒಣಗಿಸಿ, ಉಜ್ಜುಗಲ್ಲಿನಿಂದ ಹೊಳೆಯುವ ಹಾಗೆ ಉಜ್ಜಿ, ಮಗಳ ಕೈಗೆ ಕೊಟ್ಟರು.

ಸನೋಬರ್ ಚಿತ್ರಗಾತಿ. ತಾಷ್ಕೆಂಟಿನಲ್ಲಿ ಕಲಿತು ಬಂದು ಈಗ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾಳೆ. ಆ ಹಾಳೆಗಳನ್ನು ಮಖಮಲ್ಲಿನಲ್ಲಿ ಸುತ್ತಿ, ತನ್ನ ಮದುವೆಗೆಂದು ಅಮ್ಮ ಹೊಲಿದಿಟ್ಟುಹೋದ ಕೌದಿಗಳ ಕೆಳಗೆ ಇಟ್ಟಳು. ಮದುವೆಯೂ ಆಗಲಿಲ್ಲ, ಹಾಳೆಗೆ ಬಣ್ಣವೂ ಬೀಳಲಿಲ್ಲ.

("ಮದುವೆ ವಿಷ್ಯ ಕಥೆಗೆ ಬೇಕಾ?" ಸನೋಬರ್. "ಬೇಡ, ಅಕ್ಕಾ." "ಮತ್ಯಾಕೆ ಬರ್ದೆ?" "ವಾಕ್ಯ ಚೆನ್ನಾಗಿ ಬಂತು." "ವಾಕ್ಯನ ನೀನೇ ಮದುವೆ ಆಗು.")

೩

ಅವಳು ಬಣ್ಣ ಹಚ್ಚದೆ ಕೂತಿದ್ದಾಳೆ ಅಂದುಕೊಳ್ಳಬೇಡಿ. ದಿನಾ ಹಚ್ಚುತ್ತಾಳೆ, ಶಾಲೆಯ ಮಕ್ಕಳು ಕೊಳ್ಳುವ ಅಗ್ಗದ ಆಲ್ಬಮ್ಮಿನಲ್ಲಿ.

ಆಲ್ಬಮ್ಮನ್ನು ಹಿಂದಿನಿಂದ ಶುರು ಮಾಡುತ್ತಾಳೆ. ಮೊದಲ ಪುಟ ಅಂದರೆ ಹೆದರಿಕೆ. ಕೊನೆಗೆ ಮೊದಲ ಪುಟಕ್ಕೆ ಬಂದಾಗ ಅಲ್ಲಿ ಬಿಸಿ ಪಿಯಾಲೆ, ಅಂದರೆ ಚಹಾ ಬಟ್ಟಲು, ಇಟ್ಟು ಚಹಾದ ಉಂಗುರ ಒತ್ತಿ, ಮುಗಿಯಿತು ಅನ್ನುತ್ತಾಳೆ. ಬಸ್ಸಿನಲ್ಲಿ ನಿದ್ದೆ ಹೊಡೆಯುವವರನ್ನಷ್ಟೇ ಬರೆಯುತ್ತಾಳೆ, ಏಕೆಂದರೆ ಎಚ್ಚರವಿದ್ದವರು ಬಗ್ಗಿ ನೋಡಿ "ಅದು ನನ್ನ ಮೂಗಾ?" ಅಂತ ಕೇಳುತ್ತಾರೆ. ಬಣ್ಣ ತಾನೇ ಮಾಡುತ್ತಾಳೆ: ದಾಳಿಂಬೆ ಸಿಪ್ಪೆಯಿಂದ ಒಂದು ಮಣ್ಣುಹಳದಿ, ಅಕ್ರೋಟಿನ ಹಸಿ ಸಿಪ್ಪೆಯಿಂದ ಕಂದು (ಉಗುರು ಹದಿನೈದು ದಿನ ಕಪ್ಪಗಿತ್ತು, ಹೆಡ್‌ಮೇಡಂ ಕರೆಸಿ ಕೈ ತೊಳೆಯುವುದರ ಬಗ್ಗೆ ಮಾತಾಡಿದರು), ಈರುಳ್ಳಿ ಸಿಪ್ಪೆಯಿಂದ ಕಿತ್ತಳೆ. ಬೀಟ್‌ರೂಟ್ ವಾರದಲ್ಲಿ ಬೂದಿಬಣ್ಣಕ್ಕೆ ತಿರುಗಿತು. ಅದರಿಂದ ಬರೆದಿದ್ದ ಕಲ್ಲಂಗಡಿಯನ್ನು ಈಗ ಎಲ್ಲರೂ ಕಲ್ಲು ಅಂದುಕೊಳ್ಳುತ್ತಾರೆ.

ಇನ್ನೊಂದು ಅಭ್ಯಾಸ: ಕುಂಚದ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡುವುದು. ನಾವೆಲ್ಲ ಚಿಕ್ಕವರಿದ್ದಾಗ ಶಾಲೆಯಲ್ಲಿ ಜೇನು ಬೆರೆಸಿದ ಬಣ್ಣದ ಡಬ್ಬಿ ಕೊಡುತ್ತಿದ್ದರು, ಸಿಹಿಯಿರುತ್ತಿತ್ತು. ಕೆಂಪು ಎಲ್ಲಕ್ಕಿಂತ ರುಚಿ. ಅವಳು ಅಲ್ಲಿಂದ ಬಿಟ್ಟಿಲ್ಲ.

೪

ಎರಡನೇ ಕರಡಿನಲ್ಲಿ ಯಾರನ್ನೂ ಸಾಯಿಸಲಿಲ್ಲ. ಸನೋಬರ್ ಧೈರ್ಯ ಮಾಡಿ ಮೊದಲ ಹಾಳೆ ತೆಗೆಯುತ್ತಾಳೆ, ಒಂದೇ ಬಾರಿಗೆ ಮಹಾಕೃತಿ ಮೂಡುತ್ತದೆ, ತಾಷ್ಕೆಂಟಿನ ಪ್ರದರ್ಶನದಲ್ಲಿ ಅಪ್ಪ ಹೊಸ ಟೊಪ್ಪಿ ಹಾಕಿಕೊಂಡು ನಿಲ್ಲುತ್ತಾರೆ.

"ಥೂ," ಅಂದಳು ಸನೋಬರ್, ಓದಿ ಮುಗಿಸಿ.

"ಯಾವ ಜಾಗ ಥೂ?"

"ಎಲ್ಲ. ಧೈರ್ಯ ಅಂತೆ. ನನಗೆ ಧೈರ್ಯ ಇಲ್ಲ ಅಂತ ಯಾರು ಹೇಳಿದ್ದು? ದಾದಾಗೆ ಇನ್ನೊಂದು ಹಾಳೆ ಎತ್ತಕ್ಕಾಗಲ್ಲ." (ನಮ್ಮಲ್ಲಿ ಅಪ್ಪನನ್ನು ಕರೆಯುವುದೇ ಹಾಗೆ, ದಾದಾ.) "ನಾನು ಒಂದು ಕೆಡಿಸಿದ್ರೆ ಇಪ್ಪತ್ತೆರಡು. ಇನ್ನೊಂದು ಕೆಡಿಸಿದ್ರೆ ಇಪ್ಪತ್ತೊಂದು. ಅವೆಲ್ಲ ಮುಗಿದ ದಿನ..."

ಆ ವಾಕ್ಯವನ್ನು ನಾನು ಮುಗಿಸಲು ಹೋದೆ. ಪೆನ್ನು ಕಿತ್ತುಕೊಂಡಳು. ಅದು ಹಾಗೇ ಇರಲಿ.

೫

ಈಗ ಬರೆಯುವುದು ನಡೆದದ್ದು. ನಾನು ಅಲ್ಲೇ ಇದ್ದೆ. (ಕಥೆಗಾರರು ಹೀಗೆ ಅಂದಾಗ ನಂಬಬಾರದು, ಗೊತ್ತು. ಆದರೂ ಇದ್ದೆ.)

ಏಪ್ರಿಲ್, ಮಧ್ಯಾಹ್ನ. ಅಂಗಳದಲ್ಲಿ ಏಪ್ರಿಕಾಟ್ ಮರದ ಕೆಳಗೆ ನಾವು ಉಂಡು ಕೂರುವ ದೊಡ್ಡ ಮಂಚ. ವರ್ಷಕ್ಕೊಮ್ಮೆ ಹಾಳೆಗಳಿಗೆ ಗಾಳಿಯಾಡಿಸದಿದ್ದರೆ ಹುಳ ಬೀಳುತ್ತದೆಂದು ಉಸ್ತೋ ಹಟ ಹಿಡಿದು, ಮಖಮಲ್ಲಿನ ಗಂಟನ್ನು ಹೊರಗೆ ತರಿಸಿದ್ದರು. ಹಾಳೆಗಳು ಮಂಚದ ಒಂದು ಮೂಲೆಯಲ್ಲಿ. ಇನ್ನೊಂದು ಮೂಲೆಯಲ್ಲಿ ಸನೋಬರ್, ಯಾವುದೋ ಬಣ್ಣಗಾರನಿಂದ ತಂದ ನೀಲಿಯನ್ನು ಆಲ್ಬಮ್ಮಿನಲ್ಲಿ ಪರೀಕ್ಷೆ ಮಾಡುತ್ತಾ. ಕುಂಚ ತೊಳೆಯಲು ಒಂದು ಪಿಯಾಲೆ. ನಡುವೆ ರೊಟ್ಟಿ, ಒಣದ್ರಾಕ್ಷಿ, ಚಹಾದ ಕೆಟಲು, ಕುಡಿಯುವ ಪಿಯಾಲೆಗಳು. ಎಲ್ಲವೂ ಒಂದೇ ಸೆಟ್ಟಿನವು. ಅನಾಹುತಕ್ಕೆ ಇಷ್ಟು ಸಾಕು.

ನಮ್ಮಲ್ಲಿ ಚಹಾವನ್ನು ಸೀದಾ ಕೊಡುವುದಿಲ್ಲ. ಮೊದಲು ಪಿಯಾಲೆಗೆ ಬಗ್ಗಿಸಿ, ಅದನ್ನು ಕೆಟಲಿಗೇ ವಾಪಸ್ಸು ಸುರಿಯಬೇಕು. ಹಾಗೆ ಮೂರು ಸಲ. ನಾಲ್ಕನೆಯದು ಅತಿಥಿಗೆ. ಈ ಕೆಲಸ ಮಾಡುವಾಗ ಯಾರೂ ಯೋಚಿಸುವುದಿಲ್ಲ, ಕೈ ತಾನೇ ಮಾಡುತ್ತದೆ. ಸನೋಬರಳ ಕಣ್ಣು ನೀಲಿಯ ಮೇಲಿತ್ತು. ಕೈ ಹತ್ತಿರವಿದ್ದ ಪಿಯಾಲೆಯನ್ನು ಎತ್ತಿ ಕೆಟಲಿಗೆ ಸುರಿಯಿತು. ಬಗ್ಗಿಸಿತು, ಸುರಿಯಿತು. ಬಗ್ಗಿಸಿತು, ಸುರಿಯಿತು. ಆಮೇಲೆ ಹೊಸ ಪಿಯಾಲೆಗೆ ಅರ್ಧ ತುಂಬಿ, ಎದೆಯ ಮೇಲೆ ಒಂದು ಕೈ ಇಟ್ಟುಕೊಂಡು, ಅಪ್ಪನಿಗೆ ಕೊಟ್ಟಳು.

ಉಸ್ತೋ ಪಿಯಾಲೆಯೊಳಗೆ ನೋಡಿದರು. ನನ್ನನ್ನು ನೋಡಿದರು. ಒಂದು ಗುಟುಕು ಕುಡಿದರು.

"ಮಗಳೇ, ಯಾವೂರ ಚಹಾ ಇದು?"

"ಅದೇ, ಹಸಿರು ಚಹಾ."

"ಹಸಿರೇನೋ ದಾಟಿ ಹೋಗಿದೆ."

ಅವಳು ತಿರುಗಿದಳು. ಅಪ್ಪನ ತುಟಿ ನೀಲಿ. "ಅಯ್ಯೋ ದಾದಾ, ಉಗೀರಿ, ಉಗೀರಿ!" ಅಂತ ಚೀರಿ, ಪಿಯಾಲೆ ಕಿತ್ತುಕೊಳ್ಳಲು ಹಾರಿದಳು. ಅವರು ನಗುತ್ತಿದ್ದರು, ಕೈ ಮೊದಲೇ ನಡುಗುವ ಕೈ. ಪಿಯಾಲೆ ಇಬ್ಬರ ನಡುವೆ ಒಂದು ಸುತ್ತು ಹಾಕಿತು. ನಾಲ್ಕು ದೊಡ್ಡ ಹನಿ, ಒಂದಷ್ಟು ಸಣ್ಣವು, ಮೇಲಿನ ಹಾಳೆಯ ಮೇಲೆ.

(ಇಲ್ಲಿ ನನಗೆ ಮೂರು ದಾರಿಗಳಿದ್ದವು. ಒಂದರಲ್ಲಿ ಅವಳು ಅಳುತ್ತಾಳೆ. ಒಂದರಲ್ಲಿ ಗಾಳಿ ಬಂದು ಹೂವಿನ ಪಕಳೆ ಉದುರಿಸುತ್ತದೆ. ಮೂರನೆಯದು ನೆನಪಿಲ್ಲ. ಉಸ್ತೋ ನನಗೆ ಸಮಯ ಕೊಡಲಿಲ್ಲ.)

ಅವರು ಹೆಬ್ಬೆರಳನ್ನು ನೆಕ್ಕಿದರು. ನೀಲಿ ಹನಿಯ ಮೇಲೆ ಇಟ್ಟರು. ಬೆರಳು ನಡುಗುತ್ತಿತ್ತು, ಆ ನಡುಕಕ್ಕೇ ಹನಿ ಸುತ್ತ ಸುತ್ತ ಉಜ್ಜಿಕೊಂಡು ಎದ್ದು ಬಂತು. ಅಂಗಿಯ ತೋಳಿನಿಂದ ಒತ್ತಿ ಒರೆಸಿದರು. ಹಾಳೆ ಹಾಳೆಯ ಹಾಗೇ ಇತ್ತು.

"ಒರೆಸಕ್ಕೆ ನಡುಗೋ ಕೈಯೇ ವಾಸಿ," ಅಂದರು.

ಸನೋಬರ್ ಬಾಯಿ ತೆರೆದೇ ಇದ್ದಳು. "ಹೋಯ್ತು!"

"ಹೋಗದೆ? ಗಂಜಿ ಹಾಕೋದು, ಕಲ್ಲಲ್ಲಿ ಉಜ್ಜೋದು ಯಾಕೆ ಅಂದ್ಕೊಂಡೆ? ಹೊಳೀಲಿ ಅಂತಾನಾ? ಹಿಂದಿನ ಕಾಲದಲ್ಲಿ ಪುಸ್ತಕ ನಕಲು ಮಾಡೋರು ತಪ್ಪು ಬರೀತಿದ್ರು, ಬೆರಳು ನೆಕ್ಕಿ ಒರೆಸ್ತಿದ್ರು, ಮತ್ತೆ ಬರೀತಿದ್ರು. ಶಾಯಿ ಮೇಲೇ ನಿಲ್ಲತ್ತೆ, ಒಳಗೆ ಇಳಿಯಲ್ಲ. ತಪ್ಪು ಮಾಡೋರಿಗೆ ಅಂತಲೇ ಮಾಡೋ ಕಾಗದ ಇದು."

"ಕಾಲೇಜಲ್ಲಿ ಹೇಳಿದ್ರು, ನೀರುಬಣ್ಣ ಬಿದ್ರೆ ಬಿತ್ತು, ತೆಗೆಯಕ್ಕಾಗಲ್ಲ ಅಂತ."

"ಅದು ಅವರ ಕಾಗದ. ನೀನು ಮಾಡೋ ತಪ್ಪು ನನಗೆ ಗೊತ್ತಿಲ್ವಾ? ಅದಕ್ಕೇ ಎರಡೂ ಕಡೆ ಉಜ್ಜಿದ್ದು."

"ಮೂರು ವರ್ಷ ಯಾಕೆ ಹೇಳ್ಲಿಲ್ಲ ದಾದಾ?"

ಉಸ್ತೋ ನಿಜವಾಗಿಯೂ ಕಕ್ಕಾಬಿಕ್ಕಿಯಾದರು. "ಕಾಗದದವನ ಮಗಳಿಗೆ ಗೊತ್ತಿರತ್ತೆ ಅಂದ್ಕೊಂಡೆ."

ಅವಳು ಒರೆಸಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದಳು. ತೀರಾ ತೆಳುವಾಗಿ ಒಂದು ನೀಲಿ ನೆರಳು ಉಳಿದಿತ್ತು. ಪೂರ್ತಿ ಹೋಗಲಿಲ್ಲ ಅನ್ನುವುದನ್ನೂ ಬರೆಯಬೇಕು. ಆಮೇಲೆ ಕುಂಚ ಎತ್ತಿ, ತುದಿಯನ್ನು ನಾಲಿಗೆಗೆ ಇಟ್ಟು, ಮುಖ ಕಿವುಚಿ ("ಜೇನಿಲ್ಲ ಇದರಲ್ಲಿ"), ಆ ನೆರಳಿನ ಪಕ್ಕದಲ್ಲೇ ಒಂದು ಗೆರೆ ಎಳೆದಳು. ಒರೆಸಿದಳು. ಮತ್ತೆ ಎಳೆದಳು. ಅವಳು ಎಚ್ಚರವಿದ್ದವರೊಬ್ಬರನ್ನು ಬರೆದದ್ದು ನಾನು ನೋಡಿದಂತೆ ಅದೇ ಮೊದಲು.

ಉಸ್ತೋ ಬಗ್ಗಿ ನೋಡಿದರು. "ಅದು ನನ್ನ ಮೂಗಾ?"

೬

ಮುಗಿಸುವುದು ಬಾಕಿ. ಅವಳು ಇಪ್ಪತ್ತಮೂರನ್ನೂ ತುಂಬಿಸಿದಳು ಎನ್ನಬಹುದು. ಆ ಒಂದೇ ಹಾಳೆಯಲ್ಲಿ ಬರೆದು, ಒರೆಸಿ, ಇಂದಿಗೂ ಕೂತಿದ್ದಾಳೆ ಎನ್ನಬಹುದು. ಉಸ್ತೋ ಅವರ ಕೈಯ ನಡುಕ ಮಾತ್ರ ಯಾವ ಅಂತ್ಯದಲ್ಲೂ ಕಮ್ಮಿಯಾಗುವುದಿಲ್ಲ. ಅದನ್ನು ತಿದ್ದಲು ನನ್ನಿಂದಾಗದು, ಹೆಚ್ಚಾಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ.

ಇದನ್ನು ಹೇಳಿದಾಗ ಉಸ್ತೋ ನನ್ನ ಮೊದಲ ಕರಡನ್ನು ತರಿಸಿಕೊಂಡರು. ಹೆಬ್ಬೆರಳು ನೆಕ್ಕಿ 'ತೀರಿಕೊಂಡ' ಎಂಬ ಪದವನ್ನು ಉಜ್ಜಿದರು. ಬಾಲ್‌ಪೆನ್ನು, ನೋಟ್‌ಬುಕ್ಕಿನ ಹಾಳೆ. ಪದ ಹೋಗಲಿಲ್ಲ, ತೂತು ಬಿತ್ತು.

"ಇಂಥ ಕಾಗದದ ಮೇಲೆ ಬರೆದ್ರೆ ಜನ ಸಾಯ್ದೆ ಏನ್ಮಾಡ್ತಾರೆ?" ಎಂದು, ತಮ್ಮ ಗಂಟಿನಿಂದ ಒಂದು ಹಾಳೆ ತೆಗೆದು ನನಗೆ ಕೊಟ್ಟರು.

"ದಾದಾ! ಇಪ್ಪತ್ತೆರಡಾಯ್ತು!"

"ಎಣಿಸ್ತಾ ಕೂತ್ಕೋ ನೀನು."

ಆ ಹಾಳೆ ಈಗ ನನ್ನ ಮುಂದಿದೆ. ಶಾಯಿ ಪೆನ್ನಿನಲ್ಲಿ ಕೊನೆಯ ವಾಕ್ಯ ಬರೆದೆ, ಸರಿಯಿರಲಿಲ್ಲ, ಒರೆಸಿದೆ. ಮತ್ತೆ ಬರೆದೆ, ಒರೆಸಿದೆ. ಮತ್ತೆ ಬರೆದೆ, ಒರೆಸಿದೆ. ಹೆಬ್ಬೆರಳು ನೀಲಿಯಾಗಿದೆ, ನಾಲಿಗೆಯೂ ಆಗಿರಬೇಕು. ಗೋಡೆಯ ಆಚೆ ಅಪ್ಪ ಮಗಳು ಮೂಗಿನ ಬಗ್ಗೆ ಜಗಳ ಆಡುತ್ತಿದ್ದಾರೆ, ಇನ್ನೂ.

ಮೂರು ಸಲ ಆಯಿತು. ನಾಲ್ಕನೆಯದು ಅತಿಥಿಗೆ. ಓದುಗರೇ, ಪಿಯಾಲೆ ಹಿಡಿಯಿರಿ, ನಾನು ಇನ್ನೂ ಬಗ್ಗಿಸಿಲ್ಲ.