ಕಿವಿಯ ಹತ್ತಿಯ ಕೆಳಗೆ

ಕುಶಲಾ ಬೆಳ್ಳುಳ್ಳಿ ಸುಲಿಯುತ್ತಾ ಕುಳಿತಿದ್ದಾಗ ಬಾಗಿಯಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಎಣ್ಣೆಯ ಬಟ್ಟಲು, ಸೊಂಟಕ್ಕೆ ಸಿಕ್ಕಿಸಿದ ಸೀರೆ, ಮುಖದಲ್ಲಿ ಹೇಳಬೇಕೋ ಬೇಡವೋ ಎಂಬ ಅನುಮಾನ.

"ಕುಶಲಕ್ಕ, ಇವತ್ತು ಅತ್ತಳು."

"ಯಾವಾಗ?"

"ನಾನು ಬಾಲೆಗೆ ಹೊಗೆ ಹಾಕ್ತಾ ಇದ್ದೆ. ತಿರುಗಿ ನೋಡಿದ್ರೆ ಗೋಡೆ ಕಡೆ ಮುಖ ಮಾಡಿ ಕಣ್ಣೀರು. ನಿನ್ನೆ ಹಾಗಲ್ಲ, ನಿನ್ನೆ ನಗಾಡಿದ್ದು. ಒಬ್ಬಳೇ. 'ಅಯ್ಯೋ, ಅವಳನ್ನು ನಂಬಬೇಡ' ಅಂತ ಗೋಡೆಗೇ ಹೇಳಿದಳು. ಎಂತ ಮಗಾ ಅಂತ ಕೇಳಿದ್ರೆ, ಎಂತ ಇಲ್ಲ ಬಾಗಿಯಕ್ಕ ಅಂತಾಳೆ."

ಕುಶಲಾ ಕೈಯಲ್ಲಿದ್ದ ಎಸಳನ್ನು ಕೆಳಗಿಟ್ಟಳು.

ಮಗಳು ಪ್ರಣೀತಾ ಹೆತ್ತು ಹದಿನೇಳು ದಿನವಾಗಿತ್ತು. ಗಂಡು ಮಗು, ಮನೆಯ ಮಾತಿನಲ್ಲಿ 'ಬಾಲೆ'. ಅಳಿಯ ರೂಪೇಶ್ ಮಸ್ಕತ್ತಿನಲ್ಲಿ. ಹೆರಿಗೆಗೆ ಬಂದು, ಹತ್ತು ದಿನ ಇದ್ದು, ಮಗುವಿನ ನೂರು ಫೋಟೊ ಹಿಡಿದುಕೊಂಡು ಹೋಗಿದ್ದ. ಬಾಣಂತಿ ಮೀಯಿಸಲು ಬಿಕರ್ನಕಟ್ಟೆಯಿಂದ ದಿನಾ ಬೆಳಿಗ್ಗೆ ಬಾಗಿಯಕ್ಕ ಬರುತ್ತಿದ್ದಳು. ಅವಳ ಕೈಯಲ್ಲಿ ಮಿಂದ ಬಾಣಂತಿಯರ ಮಕ್ಕಳಿಗೇ ಈಗ ಮಕ್ಕಳಾಗಿವೆ. ಅವಳ ಕಟ್ಟಳೆಗಳಿಗೆ ಎದುರಾಡುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ನಲ್ವತ್ತು ದಿನ ಪುಸ್ತಕ ಓದಬಾರದು, ಟಿವಿ ನೋಡಬಾರದು, ಕಣ್ಣು ಸೋಲುತ್ತದೆ. ಗಂಡನ ಹತ್ತಿರ ಮಾತಾಡಲು ಮಾತ್ರ ಫೋನು. ಕಿವಿಗೆ ಹತ್ತಿ ಇಟ್ಟು ಮೇಲಿಂದ ಬಟ್ಟೆ ಕಟ್ಟಬೇಕು, ಗಾಳಿ ನುಗ್ಗಬಾರದು. ಬಿಜೈಯ ಇನ್ಶೂರೆನ್ಸ್ ಆಫೀಸಿನಲ್ಲಿ ಇಡೀ ದಿನ ಕಂಪ್ಯೂಟರ್ ನೋಡುವ ಪ್ರಣೀತಾ ಇದಕ್ಕೆಲ್ಲ ಜಗಳವಾಡುತ್ತಾಳೆ ಎಂದು ಕುಶಲಾ ಎಣಿಸಿದ್ದಳು. ಆಡಿರಲಿಲ್ಲ. ಮೂರನೇ ದಿನ ತಾಯಿ ತಲೆದಿಂಬಿನ ಪಕ್ಕದ ಪುಸ್ತಕ ತೆಗೆದುಕೊಂಡು ಹೋದಾಗಲೂ ಸುಮ್ಮನಿದ್ದಳು. ಅಷ್ಟು ಸುಮ್ಮನಿದ್ದದ್ದೇ ಈಗ ಕುಶಲಾಳಿಗೆ ಭಯ ಹುಟ್ಟಿಸುತ್ತಿತ್ತು.

ಭಯಕ್ಕೆ ಕಾರಣವಿತ್ತು. ಕುಶಲಾಳ ಅಕ್ಕ ಎರಡನೇ ಹೆರಿಗೆಯ ನಂತರ ಹೀಗೆಯೇ ಗೋಡೆ ನೋಡಿಕೊಂಡು ಕುಳಿತವಳು. ಮನೆಯವರು ಹೆದರಿ ಕೂಸನ್ನು ಅಜ್ಜಿಯ ಕೋಣೆಗೆ ಸಾಗಿಸಿದರು. ನೂಲು ಕಟ್ಟಿಸಿದರು, ಹರಕೆ ಹೇಳಿದರು. ಯಾರೂ ಅವಳ ಪಕ್ಕದಲ್ಲಿ ಕುಳಿತು ಏನಾಗುತ್ತಿದೆ ಎಂದು ಕೇಳಲಿಲ್ಲ. ಹದಿನಾಲ್ಕು ವರ್ಷದ ಕುಶಲಾ ಕೂಡ ಕೇಳಿರಲಿಲ್ಲ. ಅಕ್ಕ ಬದುಕಿದಳು, ಈಗಲೂ ಇದ್ದಾಳೆ. ಆದರೆ ಮೊದಲಿನ ಅಕ್ಕ ಮತ್ತೆ ಬರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಕುಶಲಾ ಆ ಮಧ್ಯಾಹ್ನ ಅದನ್ನೇ ಮಾಡಿದಳು. "ಈ ಕೋಣೆಯಲ್ಲಿ ಸೆಕೆ, ಬಾಲೆಗೆ ಬೆವರುಸಾಲೆ ಬರ್ತದೆ" ಎಂದು ತೊಟ್ಟಿಲನ್ನು ಚಾವಡಿಗೆ ಎಳೆದು ತಂದಳು. ಪ್ರಣೀತಾ ತಾಯಿಯ ಮುಖವನ್ನೊಮ್ಮೆ, ತೊಟ್ಟಿಲನ್ನೊಮ್ಮೆ ನೋಡಿದಳು. "ಆಯ್ತಮ್ಮ" ಎಂದಳು. ಚಾವಡಿಯಲ್ಲಿ ತೊಟ್ಟಿಲು ತೂಗುತ್ತಾ ಕುಶಲಾಳಿಗೆ ತನ್ನ ಕೈಯೇ ಪರರದ್ದೆನಿಸಿತು.

ಮರುದಿನ ಬೆಳಿಗ್ಗೆ ಹಂಡೆಯಲ್ಲಿ ಬಾಣಂತಿ ಮೀಯಲು ನೆಕ್ಕಿ ಸೊಪ್ಪು ಹಾಕಿದ ನೀರು ಕುದಿಯುತ್ತಿತ್ತು. ಕುಶಲಾ ಮೆಂತೆ ಗಂಜಿ ತಿರುವುತ್ತಿದ್ದಳು. ಒಳಗಿನಿಂದ ಬಾಗಿಯಕ್ಕ ಚೀರಿದ್ದು ಕೇಳಿಸಿತು.

"ಕುಶಲಕ್ಕ! ಬೇಗ ಬನ್ನಿ! ಇವಳ ಕಿವಿಯಿಂದ ಎಂತದೋ ಬಿತ್ತು!"

ಸೌಟು ಹಿಡಿದುಕೊಂಡೇ ಓಡಿದಳು. ಮಣೆಯ ಮೇಲೆ ಅರ್ಧ ಎಣ್ಣೆ ಹಚ್ಚಿಕೊಂಡ ಪ್ರಣೀತಾ. ಎದುರಿಗೆ ಎಣ್ಣೆ ಬಟ್ಟಲಿನಿಂದ ಎರಡು ಬೆರಳಲ್ಲಿ ಏನನ್ನೋ ಎತ್ತಿ ಹಿಡಿದ ಬಾಗಿಯಕ್ಕ. ಗೇರುಬೀಜದಷ್ಟು ದೊಡ್ಡದು, ಬಿಳಿ ಬಣ್ಣದ್ದು, ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಎಣ್ಣೆ ಬಿಡುವ ಅಂತ ಹತ್ತಿ ತೆಗೆದೆ, ಇದು ಡುಬುಕ್ಕಂತ ಬಿತ್ತು. ಹುಳವಾ ಅಂತ ನೋಡಿದ್ರೆ..." ಬಾಗಿಯಕ್ಕ ಅದನ್ನು ತನ್ನ ಕಿವಿಯ ಹತ್ತಿರ ತಂದಳು. ಕಣ್ಣು ಅಗಲವಾಯಿತು. "ಮಾರಾಯ್ತಿ, ಇದು ಮಾತಾಡ್ತದೆ!"

ಕುಶಲಾ ಕಿತ್ತುಕೊಂಡು ಕಿವಿಗೆ ಹಿಡಿದಳು. ತೆಳ್ಳಗಿನ ಹೆಣ್ಣುದನಿಯೊಂದು ಅವಸರವೇ ಇಲ್ಲದೆ ಹೇಳುತ್ತಿತ್ತು: ಚೆನ್ನಕ್ಕ ಆ ದಿನ ದೋಣಿಯನ್ನು ಆಚೆ ದಡಕ್ಕೆ ಬಿಡಲಿಲ್ಲ... ಅಷ್ಟರಲ್ಲಿ ಕೊರಕೊರ ಎಂದು ಸದ್ದು ನಿಂತುಹೋಯಿತು. ಎಣ್ಣೆ ಒಳಗೆ ಇಳಿದಿರಬೇಕು.

"ಯಾರು ಇದು ಚೆನ್ನಕ್ಕ?"

ಪ್ರಣೀತಾ ತಲೆ ತಗ್ಗಿಸಿದಳು. ಎಣ್ಣೆ ಹಚ್ಚಿದ ಮುಖದಲ್ಲಿ ನಗುವೋ ಅಳುವೋ ಗೊತ್ತಾಗಲಿಲ್ಲ.

"ಅದು ಕಾದಂಬರಿ, ಅಮ್ಮ. ತೊಂಬತ್ತು ವರ್ಷ ಹಿಂದಿನದ್ದು. ಪುಸ್ತಕ ಇಷ್ಟು ದಪ್ಪ ಉಂಟು. ಈಗ ಓದಿ ರೆಕಾರ್ಡ್ ಮಾಡಿದ್ದಾರೆ. ಐವತ್ತೆರಡು ಗಂಟೆ. ಸುಮಯ್ಯಾ ಮಗುವನ್ನು ನೋಡಲು ಬಂದಾಗ ಫೋನಿಗೆ ಹಾಕಿ ಕೊಟ್ಟಳು. ಈ ಇಯರ್‌ಬಡ್ ಬಲಕಿವಿಯಲ್ಲಿ ಮಾತ್ರ ಇಡ್ತೇನೆ. ಎಡಕಿವಿ ಮಗುವಿಗೆ."

"ಮತ್ತೆ ನೀನು ಅತ್ತದ್ದು? ಗೋಡೆ ಹತ್ತಿರ ಮಾತಾಡಿದ್ದು?"

"ಚೆನ್ನಕ್ಕನ ಗಂಡ ಹೊಳೆಯಲ್ಲಿ ಮುಳುಗಿ ಹೋದ. ಅದಕ್ಕೆ ಅಳು ಬಂತು. ಮತ್ತೆ ಅವಳ ನಾದಿನಿ ಭಾರೀ ಜೋರು, ನಂಬಬಾರದು ಅವಳನ್ನು."

ಕುಶಲಾ ಸೌಟು ಹಿಡಿದುಕೊಂಡೇ ಹೊಸ್ತಿಲಲ್ಲಿ ಕುಳಿತುಬಿಟ್ಟಳು. ನಿನ್ನೆಯಿಂದ ಎದೆಯ ಮೇಲಿದ್ದ ಕಲ್ಲು ಜಾರಿದ ಹಾಗಾಯಿತು. ಮೊದಲು ಬೈದಳು, ಬಾಯಿಗೆ ಬಂದ ಹಾಗೆ ಬೈದಳು. ಆಮೇಲೆ ನಗು ಬಂತು. ಕಣ್ಣೊರೆಸಿಕೊಂಡು ನಕ್ಕಳು. ಒಲೆಯ ಮೇಲೆ ಗಂಜಿ ತಳ ಹಿಡಿಯಿತು.

ಸಿಟ್ಟು ಪೂರ್ತಿ ಇಳಿದಿರಲಿಲ್ಲವಾದ್ದರಿಂದ ಸುಮಯ್ಯಾಗೆ ಫೋನ್ ಮಾಡಿದಳು. ಪ್ರಣೀತಾಳ ಆಫೀಸಿನ ಗೆಳತಿ ಅವಳು. ಹೋದ ವರ್ಷ ಅವಳಿಗೂ ಹೆರಿಗೆಯಾಗಿತ್ತು, ಹೆಣ್ಣು ಮಗು.

"ಆಂಟಿ, ಬೈಬೇಡಿ" ಎಂದಳು ಸುಮಯ್ಯಾ ಆಚೆಯಿಂದ. "ನಮ್ಮಲ್ಲೂ ನಲ್ವತ್ತು ದಿನ ಹೀಗೇ ಅಲ್ವಾ? ಉಮ್ಮ ಪುಸ್ತಕ ಮುಟ್ಟಲು ಬಿಡಲಿಲ್ಲ. ಕಣ್ಣಿಗೆ ರೆಸ್ಟ್ ಬೇಕು ಹೇಳಿದರು, ಒಪ್ಪಿದೆ. ಕಿವಿಗೆ ಯಾರು ಬೇಡ ಹೇಳಿದ್ದು? ನಾನು ಎರಡು ಕಾದಂಬರಿ ಮುಗಿಸಿದೆ."

ಈಗ ತೀರ್ಪು ಹೇಳಬೇಕಾದವಳು ಬಾಗಿಯಕ್ಕ. ಅವಳು ಕೈ ತೊಳೆದು, ವೀಳ್ಯ ಹಾಕಿಕೊಂಡು, ಸ್ವಲ್ಪ ಹೊತ್ತು ಅಗಿದಳು.

"ಕಿವಿಗೆ ಗಾಳಿ ಹೋಗಬಾರದು. ಮಾತು ಹೋದ್ರೆ ತೊಂದರೆ ಇಲ್ಲ" ಎಂದಳು. "ಆದ್ರೆ ಆ ಬೀಜ ತುರುಕಿಕೊಳ್ಳುವುದು ಬೇಡ. ಜೋರಾಗಿ ಇಡು, ನಾವೂ ಕೇಳುವ. ಕದ್ದು ಕೇಳಿದ್ದಕ್ಕೇ ಅಲ್ವಾ ಒಬ್ಬಳೇ ಅಳಬೇಕಾದದ್ದು?"

"ನಾನು ಹದಿನೆಂಟು ಗಂಟೆ ಕೇಳಿ ಆಗಿದೆ ಬಾಗಿಯಕ್ಕ. ಮುಂದಿಂದ ಇಡ್ತೇನೆ, ಹಿಂದಿನದ್ದು ನಾನು ಹೇಳ್ತೇನೆ."

"ನೀನು ಹೇಳುವುದು ಬೇಡ. ಮೊದಲಿಂದ ಇಡು. ಬಾಗಿಲಿಂದ ಬರದೆ ಕಿಟಕಿಯಿಂದ ಹಾರಿದ್ರೆ ಮನೆಯವರ ಪರಿಚಯ ಆಗ್ತದಾ?"

"ಇದನ್ನೇ ಸಣ್ಣದು ಮಾಡಿ ಹೇಳಿದ್ದು ಇಲ್ವಾ?" ಕುಶಲಾ ಕೇಳಿದಳು. ಅವಳಿಗೆ ಅಡುಗೆ, ಬಟ್ಟೆ, ಬಾಣಂತಿ ಮದ್ದು ಎಲ್ಲ ಕಣ್ಣೆದುರು ಬಂದಿತ್ತು.

"ಉಂಟು, ನಾಲ್ಕು ಗಂಟೆಯದ್ದು. ಅದರಲ್ಲಿ ಬರೇ ಮದುವೆ, ಸಾವು, ಜಗಳ ಮಾತ್ರ."

"ಮೀನು ತೆಗೆದಿಟ್ಟು ಮುಳ್ಳು ಬಡಿಸಿದ ಹಾಗೆ" ಎಂದಳು ಬಾಗಿಯಕ್ಕ. ಅಲ್ಲಿಗೆ ಮುಗಿಯಿತು.

ತೊಟ್ಟಿಲು ಕೋಣೆಗೆ ವಾಪಸಾಯಿತು. ಕುಶಲಾಳೇ ಎಳೆದು ತಂದಳು, ಸೆಕೆಯ ಮಾತು ಎತ್ತಲಿಲ್ಲ.

ಅಂದಿನಿಂದ ಮೀಯುವುದು ಮುಗಿದು, ಪ್ರಣೀತಾ ಹೊಟ್ಟೆಗೆ ಬಟ್ಟೆ ಸುತ್ತಿಕೊಂಡು ಮಲಗಿದ ಮೇಲೆ ಫೋನನ್ನು ಒಂದು ಸ್ಟೀಲ್ ಪಾತ್ರೆಯಲ್ಲಿ ನಿಲ್ಲಿಸುತ್ತಿದ್ದರು, ಸದ್ದು ದೊಡ್ಡದಾಗುತ್ತಿತ್ತು. ಕುಶಲಾ ಮಾಡಬೇಕಾದ ಕೆಲಸವನ್ನೆಲ್ಲ ಆ ಕೋಣೆಗೇ ತರತೊಡಗಿದಳು. ಅಲಸಂಡೆ ಮುರಿಯುವುದು, ಬೆಳ್ಳುಳ್ಳಿ ಸುಲಿಯುವುದು, ಮಗುವಿನ ಬಟ್ಟೆ ಮಡಚುವುದು. ಮಿಕ್ಸಿ ಹಾಕುವಾಗ ಮಾತ್ರ "ನಿಲ್ಲಿಸು, ನಿಲ್ಲಿಸು" ಎಂದು ಕೂಗಿ ಓಡುತ್ತಿದ್ದಳು. ಹನ್ನೆರಡಕ್ಕೆ ಮನೆಗೆ ಹೊರಡುತ್ತಿದ್ದ ಬಾಗಿಯಕ್ಕ ಈಗ ಒಂದೂವರೆಯ ಬಸ್ಸಿಗೆ ಹೋಗುತ್ತಿದ್ದಳು. ಅಂಗಡಿಯಿಂದ ಊಟಕ್ಕೆ ಬರುವ ಕುಶಲಾಳ ಗಂಡ ಬೋಜ ಎರಡು ಸಲ ತಾನೇ ಬಡಿಸಿಕೊಂಡು ಉಂಡ. ಮೂರನೆಯ ಸಲ ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತೇ ಕತೆ ಕೇಳಿದ.

ಕತೆಯಲ್ಲಿ ನಾದಿನಿ ಬಂದಾಗಲೆಲ್ಲ ಬಾಗಿಯಕ್ಕ ಫೋನಿಗೇ ಬೈಯುತ್ತಿದ್ದಳು. "ಇವಳದ್ದು ಬಾಯಿಯಾ ಬಚ್ಚಲಾ? ಚೆನ್ನಕ್ಕ, ನೀನು ಸುಮ್ಮನಿರಬೇಡ!"

"ಅವಳಿಗೆ ಕೇಳುವುದಿಲ್ಲ ಬಾಗಿಯಕ್ಕ."

"ಕೇಳದಿದ್ರೂ ಹೇಳಬೇಕು."

ಚೆನ್ನಕ್ಕನ ಗಂಡ ಹೊಳೆಯಲ್ಲಿ ಹೋಗುವ ಅಧ್ಯಾಯ ಬಂತು. ಬಾಗಿಯಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಕುಶಲಾಳ ಕಣ್ಣೆದುರಿನ ಅಲಸಂಡೆ ಮಂಜಾಯಿತು. ಪ್ರಣೀತಾ ಮಾತ್ರ ಒಣಕಣ್ಣಿನಲ್ಲಿ ಫ್ಯಾನು ನೋಡುತ್ತಿದ್ದಳು. ಎರಡನೇ ಸಲ ಕೇಳುವುದಲ್ಲವಾ, ಅದಕ್ಕೇ ಎಂದುಕೊಂಡಳು ಕುಶಲಾ.

ಇಪ್ಪತ್ತೇಳನೇ ದಿನ. ಕತೆಯಲ್ಲಿ ಚೆನ್ನಕ್ಕ ಹೊಸ ದೋಣಿ ಕಟ್ಟಿಸುತ್ತಿದ್ದಳು. ಬರೆದವರಿಗೆ ದೋಣಿಯೆಂದರೆ ಬಹಳ ಪ್ರೀತಿ ಇದ್ದಿರಬೇಕು. ಯಾವ ಮರದ ಹಲಗೆ, ಎಷ್ಟು ಮೊಳ, ತೂತು ಎಲ್ಲಿ ಕೊರೆಯಬೇಕು, ತೆಂಗಿನ ನಾರಿನ ಹಗ್ಗವನ್ನು ಹೇಗೆ ಎಳೆದು ಹೊಲಿಯಬೇಕು, ಮೀನೆಣ್ಣೆ ಎಷ್ಟು ಸಲ ಬಳಿಯಬೇಕು ಎಂದು ಮುಕ್ಕಾಲು ಗಂಟೆಯಿಂದ ನಡೆದಿತ್ತು. ಯಾರೂ ಸಾಯಲಿಲ್ಲ, ಯಾರೂ ಜಗಳವಾಡಲಿಲ್ಲ. ನಾದಿನಿಯ ಪತ್ತೆಯೇ ಇಲ್ಲ. ಬಾಗಿಯಕ್ಕ ಗೋಡೆಗೊರಗಿ ತೂಕಡಿಸುತ್ತಿದ್ದಳು. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು ಬಂದ ಕುಶಲಾ ಬೆಳ್ಳುಳ್ಳಿಗೆ ಕೈ ಹಾಕಿದಳು. ಪ್ರಣೀತಾ ಕುಳಿತು ಮಗುವಿಗೆ ಹಾಲು ಕೊಡುತ್ತಿದ್ದಳು.

ಸುಮ್ಮನೆ ತಲೆ ಎತ್ತಿದ ಕುಶಲಾಳಿಗೆ ಮಗಳ ಗಲ್ಲದಿಂದ ಮಗುವಿನ ನೆತ್ತಿಗೆ ನೀರು ಬೀಳುವುದು ಕಾಣಿಸಿತು. ಒಂದು ಹನಿ. ಮತ್ತೊಂದು. ಸದ್ದಿಲ್ಲ, ಬಿಕ್ಕಿಲ್ಲ. ಮುಖ ಹಾಗೆಯೇ ಇತ್ತು, ನೀರು ಮಾತ್ರ ಇಳಿಯುತ್ತಿತ್ತು.

ಕುಶಲಾ ಫೋನಿನ ಕಡೆಗೆ ಕಿವಿಗೊಟ್ಟಳು. ಎಲ್ಲಿಯಾದರೂ ತನಗೆ ತಪ್ಪಿಹೋಯಿತೋ? ಇಲ್ಲ. ಆ ದನಿ ಹಗ್ಗದ ಅಳತೆಯನ್ನೇ ಹೇಳುತ್ತಿತ್ತು. ಹಗ್ಗದ ಅಳತೆಗೆ ಯಾರೂ ಅಳುವುದಿಲ್ಲ.

ನಾಲ್ಕು ಗಂಟೆಯ ಸಣ್ಣ ಕತೆಯಾಗಿದ್ದರೆ ಪ್ರತಿ ಹತ್ತು ನಿಮಿಷಕ್ಕೊಂದು ದುಃಖ ಇರುತ್ತಿತ್ತು, ಪ್ರತಿ ಕಣ್ಣೀರಿಗೂ ಒಂದು ಕಾರಣ ಸಿಗುತ್ತಿತ್ತು. ಇಲ್ಲಿ ಏನೂ ಇರಲಿಲ್ಲ. ಹಲಗೆ, ಹಗ್ಗ, ಮೀನೆಣ್ಣೆ, ಮತ್ತು ಅಳುತ್ತಿರುವ ಮಗಳು.

ಕುಶಲಾ ಚೂರಿ ಬದಿಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಮಂಚದ ಅಂಚಿನಲ್ಲಿ ಕುಳಿತಳು.

"ಪ್ರಣೀ, ಇದು ಕತೆಯಿಂದ ಬಂದದ್ದಲ್ಲ."

ಪ್ರಣೀತಾ ಮಗುವಿನ ನೆತ್ತಿಯ ನೀರನ್ನು ಬೆರಳಿನಿಂದ ಒರೆಸಿದಳು. "ಅಲ್ಲಮ್ಮ" ಎಂದಳು.

"ಆವತ್ತು ಅತ್ತದ್ದು?"

"ಸ್ವಲ್ಪ ಕತೆಯದ್ದು. ಸ್ವಲ್ಪ ನನ್ನದು." ಅವಳು ಮೂಗೆಳೆದಳು. "ಕಿವಿಯಲ್ಲಿ ಯಾರಾದ್ರೂ ಮಾತಾಡ್ತಾ ಇದ್ರೆ ನನ್ನ ತಲೆ ಮಾತಾಡುವುದಿಲ್ಲ. ಅದಕ್ಕೇ ಅಷ್ಟು ಉದ್ದದ್ದು ಹಾಕಿ ಕೊಡು ಅಂತ ಸುಮಯ್ಯಾನ ಹತ್ತಿರ ಹೇಳಿದ್ದು."

"ತಲೆ ಎಂತ ಹೇಳ್ತದೆ?"

"ಬೇಡಮ್ಮ."

"ಹೇಳು ಮಗಾ."

"ಎಲ್ಲರೂ ಕೇಳ್ತಾರೆ, ಇವನನ್ನು ನೋಡಿದ್ರೆ ಖುಷಿ ಆಗ್ತದಾ ಅಂತ. ಹೌದು ಅಂತೇನೆ. ನನಗೆ ಏನೂ ಆಗುವುದಿಲ್ಲಮ್ಮ. ಬೇರೆ ಯಾರದ್ದೋ ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಲು ಕೊಟ್ಟ ಹಾಗೆ. ಇವನು ಅತ್ತರೆ ಎದ್ದು ಓಡಿಹೋಗುವ ಅನಿಸ್ತದೆ. ನೀನು ತೊಟ್ಟಿಲು ತೆಗೆದುಕೊಂಡು ಹೋದಿಯಲ್ಲ, ಆವತ್ತು... ನನಗೆ ಹಗುರ ಆಯ್ತು. ಹಗುರ ಆದದ್ದಕ್ಕೇ ಮತ್ತೆ ಹೆದರಿಕೆ ಆಯ್ತು."

ಕುಶಲಾಳ ಕೈ ತಾನಾಗಿಯೇ ಮಗುವಿನ ಕಡೆ ಹೋಯಿತು, ಎತ್ತಿಕೊಂಡುಬಿಡಲು. ಅರ್ಧದಲ್ಲೇ ತಡೆದಳು. ಆ ಕೈಯನ್ನು ಮಗಳ ಬೆನ್ನಿನ ಮೇಲಿಟ್ಟಳು. ಹೇಳಲು ಹತ್ತು ಮಾತು ಬಾಯಿಗೆ ಬಂದವು. ಸರಿಯಾಗ್ತದೆ. ಎಲ್ಲರಿಗೂ ಹಾಗೆ. ದೇವರು ಕೊಟ್ಟ ಬಾಲೆ, ಹಾಗೆಲ್ಲ ಹೇಳಬಾರದು. ಒಂದನ್ನೂ ಹೇಳಲಿಲ್ಲ.

ಬಾಗಿಯಕ್ಕನಿಗೆ ಯಾವಾಗ ಎಚ್ಚರವಾಯಿತೋ ಗೊತ್ತಿಲ್ಲ. ಫೋನ್ ನಿಲ್ಲಿಸಲು ಅವಳಿಗೆ ಬರುತ್ತಿರಲಿಲ್ಲ. ಪಾತ್ರೆಯಿಂದ ತೆಗೆದು, ಮಡಚಿಟ್ಟ ಬಟ್ಟೆಗಳ ಅಡಿಗೆ ತುರುಕಿದಳು. ದೋಣಿ ಕಟ್ಟುವ ದನಿ ಬಟ್ಟೆಯ ಕೆಳಗೆ ಗೊಣಗುಟ್ಟತೊಡಗಿತು.

"ಬಾಗಿಯಕ್ಕ, ಮಧ್ಯಾಹ್ನ ಇವಳನ್ನು ಡಾಕ್ಟರಮ್ಮನಲ್ಲಿಗೆ ಕರೆದುಕೊಂಡು ಹೋಗ್ತೇನೆ" ಎಂದಳು ಕುಶಲಾ.

"ನಲ್ವತ್ತು ಆಗಲಿಲ್ಲ ಕುಶಲಕ್ಕ. ಹೊಸ್ತಿಲು ದಾಟುವ ಹಾಗಿಲ್ಲ."

"ಆಗಲಿಲ್ಲ. ಆದ್ರೂ ಹೋಗ್ತೇವೆ."

ಬಾಗಿಯಕ್ಕ ಪ್ರಣೀತಾಳ ಮುಖ ನೋಡಿದಳು. ಅವಳ ಕೈಯಲ್ಲಿ ಎಷ್ಟೋ ಬಾಣಂತಿಯರು ಮಿಂದಿದ್ದರು. ಯಾರ ಯಾರ ಮುಖ ನೆನಪಾಯಿತೋ ಏನೋ.

"ರಿಕ್ಷಾ ಬೇಡ, ಗಾಳಿ. ಕಾರು ಮಾಡಿಕೊಂಡು ಹೋಗಿ" ಎಂದಳು ಕೊನೆಗೆ. "ನಾನು ಬಾಲೆಯನ್ನು ಹಿಡಿದುಕೊಂಡು ಇವಳ ಪಕ್ಕದಲ್ಲೇ ಕೂತ್ಕೊಳ್ತೇನೆ. ಬೇಕಾದಾಗ ಕೊಡ್ಲಿಕ್ಕೆ."

ಕುಶಲಾ ಕಾಲು ಮಡಚಿ ಮಂಚದ ಮೇಲೆ ಸರಿಯಾಗಿ ಕುಳಿತಳು.

"ಈಗ ಹೇಳು. ಮೊದಲಿಂದ, ಹೆರಿಗೆ ಕೋಣೆಯಿಂದ ಹೇಳು. ನನಗೆ ಕೆಲಸ ಎಂತ ಇಲ್ಲ."

ಪ್ರಣೀತಾ ಮಗುವನ್ನು ಇನ್ನೊಂದು ಬದಿಗೆ ಹಾಕಿಕೊಂಡು, ನಿಧಾನವಾಗಿ ಶುರುಮಾಡಿದಳು. ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆಯಿತು, ನಾಲ್ಕನೇ ಸೀಟಿಯನ್ನೂ ಹೊಡೆಯಿತು. ಬಾಗಿಯಕ್ಕ ಮೊಣಕಾಲಿಗೆ ಕೈಯೂರಿ ಎದ್ದು, ಗ್ಯಾಸ್ ಆರಿಸಲು ಹೋದಳು.